ಆ ಒಂದು ‘ಅಂತೆ’ಯಲ್ಲಿದೆ ನಿಮ್ಮ ಲೇಖನ

ಪ್ರಿಯ ಬರಹಗಾರರೇ,

‘ಅಗ್ಗದ ಆಫೀಸ್ ತಂತ್ರಾಂಶ: ಬಳಸಿದವರು ಏನೆನ್ನುತ್ತಾರೆ?’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಆದರೆ ತಿದ್ದಿ ಬರೆದರೆ ಪ್ರಕಟಿಸಬೇಕೆಂಬ ಆಸೆ ನನಗೆ ಬಲವಾಗಿದೆ. ಆ ಆಸೆ ಇಲ್ಲದಿದ್ದರೆ ಎರಡು ಸಾಲು ಬರೆದು ಮುಗಿಸುತ್ತಿದ್ದೆ.

ನೀವು 31 ಜನರನ್ನು ಮಾತನಾಡಿಸಿದ್ದೀರಿ. ಮೈಕ್ರೋಸಾಫ್ಟ್ ಆಫೀಸಿನ ಚಂದಾ ಕಟ್ಟುವುದನ್ನು ನಿಲ್ಲಿಸಿ, ಉಚಿತವಾಗಿಯೋ ಕಡಿಮೆ ಬೆಲೆಗೋ ಸಿಗುವ ಬೇರೆ ತಂತ್ರಾಂಶಕ್ಕೆ ಬಂದವರು ಅವರೆಲ್ಲ. ಇಷ್ಟು ಜನರನ್ನು ಹುಡುಕಿ, ಮಾತಿಗೆ ಎಳೆದು, ಬರೆದುಕೊಳ್ಳುವುದು ಸಣ್ಣ ಕೆಲಸವಲ್ಲ. ಆದರೆ ಬರೆದುಕೊಂಡದ್ದನ್ನು ನೀವು ಏನು ಮಾಡಿದಿರಿ? ಒಬ್ಬೊಬ್ಬರ ಮಾತನ್ನೂ ಒಂದೊಂದು ಸಾಲಿಗೆ ಇಳಿಸಿದಿರಿ. ಮೆಚ್ಚಿದವರೆಷ್ಟು, ಮೆಚ್ಚದವರೆಷ್ಟು ಎಂದು ದಶಮಾಂಶದವರೆಗೆ ಶೇಕಡಾವಾರು ಲೆಕ್ಕ ಹಾಕಿದಿರಿ. ಕೊನೆಗೆ ‘ಸಾಮಾನ್ಯ ಬಳಕೆಗೆ ಇದು ಧಾರಾಳವಾಗಿ ಸಾಕು’ ಎಂದು ತೀರ್ಪು ಕೊಟ್ಟಿರಿ. ಓದಿ ಮುಗಿಸಿದಾಗ ನನಗೆ ಉಳಿದದ್ದು ಒಂದೇ ಪ್ರಶ್ನೆ: ಇವರೆಲ್ಲ ಅದರಲ್ಲಿ ಮಾಡುತ್ತಿದ್ದ ಕೆಲಸ ಯಾವುದು? ಮನೆಯ ಖರ್ಚಿನ ಪಟ್ಟಿ ಬರೆಯುವವರ ‘ಸಾಕು’ ಬೇರೆ, ಇನ್ನೂರು ಪುಟದ ಪ್ರಬಂಧಕ್ಕೆ ಅಡಿಟಿಪ್ಪಣಿ ಹಾಕುವವರ ‘ಸಾಕು’ ಬೇರೆ. ಎರಡನ್ನೂ ಕೂಡಿಸಿ ಭಾಗಿಸಿದರೆ ಬರುವ ಅಂಕಿ ಯಾರ ಅನುಭವವೂ ಅಲ್ಲ.

ಆದರೂ ಲೇಖನವನ್ನು ಎರಡನೆಯ ಸಲ ಓದಲು ಕಾರಣವಾದ ಒಂದು ಸಾಲು ಅದರಲ್ಲಿದೆ. ನಾಲ್ಕನೆಯ ಪುಟದ ಕೆಳಗೆ, ಮನೆಯಿಂದಲೇ ಅನುವಾದದ ಕೆಲಸ ಮಾಡುವ ಒಬ್ಬ ಮಹಿಳೆಯ ಮಾತು: ‘ಎಲ್ಲವೂ ಚೆನ್ನಾಗಿದೆ. ಒಂದು ಸಲ ಮಾತ್ರ ನಾನು ಕಳುಹಿಸಿದ ಕಡತದಲ್ಲಿ ಸಹಿಯ ಸಾಲು ಮುಂದಿನ ಪುಟಕ್ಕೆ ಹೋಗಿತ್ತಂತೆ. ಅಂದಿನಿಂದ ಎರಡೆರಡು ಸಲ ನೋಡಿ ಕಳುಹಿಸುತ್ತೇನೆ.’ ನೀವು ಇವರನ್ನು ‘ತೃಪ್ತರು’ ಎಂಬ ಕಾಲಮ್ಮಿಗೆ ಸೇರಿಸಿ ಮುಂದಕ್ಕೆ ಹೋಗಿಬಿಟ್ಟಿದ್ದೀರಿ.

ಆ ‘ಹೋಗಿತ್ತಂತೆ’ಯನ್ನು ಇನ್ನೊಮ್ಮೆ ಓದಿ. ಅವರು ‘ಹೋಗಿತ್ತು’ ಎನ್ನಲಿಲ್ಲ. ತಮ್ಮ ಪರದೆಯ ಮೇಲೆ ಸಹಿಯ ಸಾಲು ಇರಬೇಕಾದ ಜಾಗದಲ್ಲೇ ಇತ್ತು. ಜಾರಿದ್ದು ಕಡತ ಪಡೆದವರ ಪರದೆಯ ಮೇಲೆ. ಅಂದರೆ ಈ ದೋಷ ಬಳಕೆದಾರರಿಗೆ ತಾವಾಗಿ ಕಾಣುವಂಥದ್ದಲ್ಲ, ಇನ್ನೊಬ್ಬರು ಹೇಳಿದಾಗ ಮಾತ್ರ ತಿಳಿಯುವಂಥದ್ದು. ಹಾಗಾದರೆ ‘ಯಾವ ತೊಂದರೆಯೂ ಇಲ್ಲ’ ಎಂದ ಉಳಿದವರಲ್ಲಿ ಎಷ್ಟು ಜನರಿಗೆ ಯಾರೂ ಹೇಳಲೇ ಇಲ್ಲವೋ! ನಿಮ್ಮ ಸಮೀಕ್ಷೆಯ ಬುಡವನ್ನೇ ಅಲುಗಿಸುವ ಮಾತು ಇದು, ಮತ್ತು ಇದನ್ನು ಹೆಕ್ಕಿ ತಂದವರು ನೀವೇ. ಈ ತಂತ್ರಾಂಶದಲ್ಲಿ ಉಳಿಸಿದ ಹಣಕ್ಕೆ ತೆರಬೇಕಾದ ಬೆಲೆ ಏನಾದರೂ ಇದ್ದರೆ, ಅದನ್ನು ತೆರುವುದು ಕಡತ ಕೈ ಬದಲಾಯಿಸುವ ಕ್ಷಣದಲ್ಲಿ. ಇಡೀ ಲೇಖನ ಇಲ್ಲಿಂದ ಹೊರಡಬೇಕಿತ್ತು.

ಸಾಲು ಏಕೆ ಜಾರಿತು ಎಂಬುದನ್ನು ಓದುಗರಿಗೆ ಬಿಡಿಸಿ ಹೇಳಬೇಕು. ನಿಮ್ಮದೊಂದು ಡಾಕ್‌ಎಕ್ಸ್ ಕಡತದ (ವರ್ಡ್ ಉಳಿಸುವ ಕಡತದ ರೂಪ ಅದು) ಪ್ರತಿ ಮಾಡಿಕೊಂಡು, ಹೆಸರಿನ ಬಾಲವನ್ನು ಜಿಪ್ ಎಂದು ಬದಲಿಸಿ ತೆರೆಯಿರಿ. ಒಳಗೆ ಎಕ್ಸ್‌ಎಂಎಲ್ ಎಂಬ ಸರಳ ಪಠ್ಯದ ಕಡತಗಳು ಸಿಗುತ್ತವೆ. ಯಾವ ಪದ, ಯಾವ ಫಾಂಟ್, ಯಾವ ಗಾತ್ರ, ಎಷ್ಟು ಅಂಚು ಎಂಬುದೆಲ್ಲ ಅಲ್ಲಿದೆ. ಆದರೆ ಯಾವ ಸಾಲು ಯಾವ ಪದಕ್ಕೆ ಮುಗಿಯಬೇಕು ಎಂಬುದು ಇಲ್ಲ. ಅದನ್ನು ತೆರೆಯುವ ತಂತ್ರಾಂಶ ಪ್ರತಿ ಸಲವೂ ಹೊಸದಾಗಿ ಲೆಕ್ಕ ಹಾಕುತ್ತದೆ. ಆ ಲೆಕ್ಕ ನಿಂತಿರುವುದು ಫಾಂಟಿನ ಅಕ್ಷರಗಳ ಅಗಲದ ಮೇಲೆ. ಆ ಫಾಂಟೇ ಗಣಕದಲ್ಲಿ ಇಲ್ಲದಿದ್ದರೆ ಬದಲಿ ಬರುತ್ತದೆ. ಬದಲಿಯ ಅಕ್ಷರ ಕೂದಲೆಳೆಯಷ್ಟು ಅಗಲವಾಗಿದ್ದರೂ ಒಂದು ಪದ ಕೆಳಗಿನ ಸಾಲಿಗೆ ಇಳಿಯುತ್ತದೆ, ಒಂದು ಸಾಲು ಹೆಚ್ಚುತ್ತದೆ, ಕೊನೆಗೆ ಸಹಿ ಪುಟ ದಾಟುತ್ತದೆ. ಈ ಕಷ್ಟಕ್ಕಾಗಿಯೇ ಅಳತೆಯಲ್ಲಿ ತದ್ರೂಪವಾದ ಫಾಂಟುಗಳನ್ನು ಮಾಡಿದ್ದಾರೆ. ಕ್ಯಾಲಿಬ್ರಿಗೆ ಕಾರ್ಲಿಟೋ, ಟೈಮ್ಸ್ ನ್ಯೂ ರೋಮನ್ ಮತ್ತು ಏರಿಯಲ್‌ಗೆ ಲಿಬರೇಶನ್ ಕುಟುಂಬದವು. ಅಕ್ಷರದ ಚೆಲುವು ಬೇರೆಯಾದರೂ ಅಗಲ ಒಂದೇ, ಹಾಗಾಗಿ ಸಾಲು ಮುರಿಯುವ ಜಾಗವೂ ಬದಲಾಗುವುದಿಲ್ಲ. ಆದರೆ 2023ರಲ್ಲಿ ಮೈಕ್ರೋಸಾಫ್ಟ್ ಕ್ಯಾಲಿಬ್ರಿಯ ಜಾಗಕ್ಕೆ ಆಪ್ಟೋಸ್ ಎಂಬ ಹೊಸ ಫಾಂಟನ್ನು ಘೋಷಿಸಿತು. ಅಂಥ ಹೊಸ ಫಾಂಟಿನ ಕಡತ ಹಳೆಯ ಗಣಕಕ್ಕೆ ಬಂದಾಗ ಏನಾಗುತ್ತದೆಂದು ನಿಮ್ಮ 31 ಜನರಲ್ಲಿ ಒಬ್ಬರನ್ನಾದರೂ ಕೇಳಿದ್ದರೆ ಒಂದು ಒಳ್ಳೆಯ ಪ್ಯಾರಾ ಸಿಗುತ್ತಿತ್ತು.

ನಿಮ್ಮ ಲೇಖನದ ಮೇಲೆಯೇ ಈ ಪ್ರಯೋಗ ಮಾಡಿ ನೋಡಿದೆ. ಅದನ್ನು ಒಂದು ಗಣಕದಲ್ಲಿ ವರ್ಡ್‌ನಲ್ಲಿ ತೆರೆದೆ: ಏಳು ಪುಟ. ಇನ್ನೊಂದು ಗಣಕದಲ್ಲಿ ಉಚಿತವಾಗಿ ಸಿಗುವ ಲಿಬ್ರೆಆಫೀಸ್‌ನಲ್ಲಿ ತೆರೆದೆ: ಎಂಟು ಪುಟ, ಎಂಟನೆಯದರಲ್ಲಿ ನಿಮ್ಮ ಕೋಷ್ಟಕದ ಕೊನೆಯ ಎರಡು ಸಾಲು ಮಾತ್ರ. ಫಾಂಟಿನ ಪೆಟ್ಟಿಗೆಯಲ್ಲಿ ನಿರ್ಮಲಾ ಯುಐ ಎಂಬ ಹೆಸರು ಓರೆಯಾಗಿ ಕಾಣಿಸುತ್ತಿತ್ತು. ಆ ಫಾಂಟ್ ಈ ಗಣಕದಲ್ಲಿಲ್ಲ, ಬದಲಿ ಹಾಕಿದ್ದೇನೆ ಎಂದು ಲಿಬ್ರೆಆಫೀಸ್ ತಿಳಿಸುವ ರೀತಿ ಅದು. ಬದಲಿಗೆ ಬಂದಿದ್ದ ಕನ್ನಡ ಫಾಂಟಿನಲ್ಲಿ ಸಾಲಿನ ಎತ್ತರ ಹೆಚ್ಚು, ಒತ್ತಕ್ಷರಗಳಿಗೆ ಬೇಕಾದ ಜಾಗ ಹೆಚ್ಚು. ಇದಕ್ಕೆ ಪರಿಹಾರವೂ ಇದೆ. ಫಾಂಟಿನ ಪರವಾನಗಿ ಒಪ್ಪಿದರೆ ಅದನ್ನು ಕಡತದೊಳಗೇ ಅಡಕ ಮಾಡುವ ಸೌಲಭ್ಯ ಎರಡೂ ತಂತ್ರಾಂಶಗಳಲ್ಲಿದೆ. ಬರೀ ಓದಲು ಕಳುಹಿಸುವುದಾದರೆ ಪಿಡಿಎಫ್ ಸಾಕು, ಅದರಲ್ಲಿ ಪ್ರತಿ ಅಕ್ಷರದ ಜಾಗವೂ ದಾಖಲಾಗಿರುತ್ತದೆ. ತಂತ್ರಾಂಶ ಬದಲಾಯಿಸಲು ಹೊರಟ ಓದುಗರಿಗೆ ನಿಮ್ಮ ಶೇಕಡಾವಾರು ಲೆಕ್ಕಕ್ಕಿಂತ ಈ ಎರಡು ವಾಕ್ಯ ಹೆಚ್ಚು ಉಪಕಾರ ಮಾಡುತ್ತವೆ.

‘ಎಕ್ಸೆಲ್ ಶೀಟಿನ ಬಟನ್ ಕೆಲಸ ಮಾಡಲಿಲ್ಲ’ ಎಂದ ಇನ್ನೊಬ್ಬರನ್ನೂ ನೀವು ಹೀಗೆಯೇ ದಾಟಿ ಹೋಗಿದ್ದೀರಿ. ಈ ಬಟನ್ನಿನ ಕಥೆ ನನಗೆ ಸ್ವಂತ ಅನುಭವದಿಂದ ಗೊತ್ತು. ಬಹಳ ಹಿಂದೆ ನಾನಿದ್ದ ಒಂದು ಕಚೇರಿಯಲ್ಲಿ ಲೇಖಕರ ಸಂಭಾವನೆಯ ಲೆಕ್ಕಕ್ಕೆ ಒಂದು ಶೀಟ್ ಇತ್ತು. ಪುಟಗಳ ಸಂಖ್ಯೆ ತುಂಬಿ ಬಟನ್ ಒತ್ತಿದರೆ ಮೊತ್ತ ಬರುತ್ತಿತ್ತು. ಕಚೇರಿ ಹೊಸ ತಂತ್ರಾಂಶಕ್ಕೆ ಬದಲಾದ ಮೊದಲ ತಿಂಗಳು, ಶೀಟ್ ತೆರೆದಾಗ ಮ್ಯಾಕ್ರೋಗಳನ್ನು, ಅಂದರೆ ಬಟನ್ನಿನ ಹಿಂದೆ ಕೆಲಸ ಮಾಡುವ ಪುಟ್ಟ ಪ್ರೋಗ್ರಾಂಗಳನ್ನು, ನಿಷ್ಕ್ರಿಯಗೊಳಿಸಲಾಗಿದೆ ಎಂಬ ಸಂದೇಶ ಬಂತು. ಓದದೆ ಮುಚ್ಚಿದೆ. ಬಟನ್ ಒತ್ತಿದೆ. ಮೊತ್ತದ ಜಾಗದಲ್ಲಿ ಅಂಕಿಗಳು ಇದ್ದವು, ಹಾಗಾಗಿ ಅನುಮಾನವೇ ಬರಲಿಲ್ಲ. ಅವು ಹಿಂದಿನ ತಿಂಗಳ ಅಂಕಿಗಳು. ಇಬ್ಬರು ಲೇಖಕರಿಗೆ ಕಡಿಮೆ ಹಣ ಹೋಯಿತು, ಮತ್ತು ಅವರಲ್ಲಿ ಒಬ್ಬರು ಸಂಕೋಚದಿಂದ ಮೂರು ತಿಂಗಳು ಬಾಯಿ ಬಿಡಲಿಲ್ಲ. ಆ ಮೂರು ತಿಂಗಳು ಇಂದಿಗೂ ನನ್ನನ್ನು ನೋಯಿಸುತ್ತವೆ. ಸಂದೇಶ ಓದಿ ಅನುಮತಿ ಕೊಟ್ಟಿದ್ದರೂ ಎಲ್ಲವೂ ಸರಿಹೋಗುತ್ತಿತ್ತು ಎನ್ನಲಾಗದು. ಎಕ್ಸೆಲ್ ಮ್ಯಾಕ್ರೋಗಳ ಭಾಷೆ ವಿಬಿಎ. ಲಿಬ್ರೆಆಫೀಸ್ ಅದನ್ನು ಅರ್ಥಮಾಡಿಕೊಳ್ಳುತ್ತದೆ, ಆದರೆ ಪೂರ್ತಿಯಾಗಿ ಅಲ್ಲ. ಕೂಡು, ಕಳೆ, ಹುಡುಕು ಎಂಬ ಸಾಮಾನ್ಯ ಸೂತ್ರಗಳು ಸರಾಗವಾಗಿ ನಡೆಯುತ್ತವೆ. ಬಟನ್ನಿನ ಹಿಂದೆ ಯಾರೋ ಬರೆದಿಟ್ಟು ಹೋದ ಮ್ಯಾಕ್ರೋ ನಡೆದೀತೆಂಬ ಭರವಸೆ ಇಲ್ಲ. ‘ನಿಮ್ಮ ಶೀಟಿನಲ್ಲಿ ಮ್ಯಾಕ್ರೋ ಇದೆಯೇ?’ ಎಂಬ ಒಂದು ಪ್ರಶ್ನೆ ಕೇಳಿದ್ದರೆ ನಿಮ್ಮ ಜನ ತಾವಾಗಿಯೇ ಎರಡು ಗುಂಪಾಗುತ್ತಿದ್ದರು.

ಇನ್ನು ವಾಸ್ತವಾಂಶಗಳ ತಪ್ಪು. ‘ಓಪನ್‌ಆಫೀಸ್‌ಗೆ ಈಗ ಲಿಬ್ರೆಆಫೀಸ್ ಎಂದು ಹೆಸರು’ ಎಂದು ಬರೆದಿದ್ದೀರಿ. ಹಾಗಲ್ಲ. ಜರ್ಮನಿಯ ಸ್ಟಾರ್ ಡಿವಿಷನ್ ಕಂಪನಿಯ ಸ್ಟಾರ್‌ಆಫೀಸನ್ನು 1999ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕೊಂಡಿತು, ಮರುವರ್ಷ ಅದರ ಮೂಲಸಂಕೇತವನ್ನು ಓಪನ್‌ಆಫೀಸ್ ಹೆಸರಿನಲ್ಲಿ ಎಲ್ಲರಿಗೂ ತೆರೆಯಿತು. 2010ರಲ್ಲಿ ಸನ್ ಕಂಪನಿ ಒರಾಕಲ್ ಪಾಲಾಯಿತು. ಅದೇ ವರ್ಷ ಅಭಿವೃದ್ಧಿಗಾರರಲ್ಲಿ ಹಲವರು ಹೊರಬಂದು ಡಾಕ್ಯುಮೆಂಟ್ ಫೌಂಡೇಶನ್ ಕಟ್ಟಿ ಲಿಬ್ರೆಆಫೀಸ್ ಆರಂಭಿಸಿದರು. ಓಪನ್‌ಆಫೀಸ್ 2011ರಲ್ಲಿ ಅಪಾಚೆ ಫೌಂಡೇಶನ್ ಕೈಗೆ ಹೋಗಿ ಇಂದಿಗೂ ಬೇರೆಯಾಗಿಯೇ ಇದೆ. ಇದು ಬರೀ ಇತಿಹಾಸದ ತಪ್ಪಾಗಿದ್ದರೆ ನಾನೇ ತಿದ್ದಿಕೊಳ್ಳುತ್ತಿದ್ದೆ. ಆದರೆ ಎರಡೂ ಒಂದೇ ಎಂದು ನಂಬಿ, ಒಂದನ್ನು ಬಳಸುವವರ ದೂರನ್ನು ಇನ್ನೊಂದರ ಲೆಕ್ಕಕ್ಕೆ ಬರೆದಿದ್ದೀರಿ. ಡಬ್ಲ್ಯುಪಿಎಸ್, ಓನ್ಲಿಆಫೀಸ್, ಸಾಫ್ಟ್‌ಮೇಕರ್ ಎಂಬ ಬೇರೆ ಆಫೀಸ್ ತಂತ್ರಾಂಶಗಳನ್ನು ಬಳಸುವವರೂ ಅದೇ ರಾಶಿಯಲ್ಲಿದ್ದಾರೆ. ಯಾರ ಮಾತು ಯಾವುದರ ಬಗ್ಗೆ ಎಂಬುದು ನಿಮ್ಮ ಟಿಪ್ಪಣಿ ಪುಸ್ತಕದಲ್ಲಿ ಇದ್ದೇ ಇರುತ್ತದೆ. ದಯವಿಟ್ಟು ಬೇರ್ಪಡಿಸಿ.

ಆವೃತ್ತಿಯನ್ನೂ ಬರೆಯಿರಿ. ‘ಎಕ್ಸ್‌ಲುಕಪ್ ಸೂತ್ರವೇ ಇಲ್ಲ’ (ಪಟ್ಟಿಯಲ್ಲಿ ಬೇಕಾದದ್ದನ್ನು ಹುಡುಕಿ ಕೊಡುವ ಎಕ್ಸೆಲ್ ಸೂತ್ರ ಅದು) ಎಂಬ ದೂರು 2024ರ ಆಗಸ್ಟ್‌ಗೆ ಮುಂಚಿನದಾದರೆ ನಿಜ. ಆಗ ಬಂದ ಲಿಬ್ರೆಆಫೀಸ್ 24.8ರಲ್ಲಿ ಅದು ಸೇರಿತು. ಈಗಲೂ ಹಳೆಯ ಆವೃತ್ತಿಯನ್ನೇ ಇಟ್ಟುಕೊಂಡವರ ದೂರನ್ನು ದಿನಾಂಕವಿಲ್ಲದೆ ಅಚ್ಚು ಹಾಕಿದರೆ ಓದುಗರಿಗೆ ಸುಳ್ಳು ಹೇಳಿದಂತಾಗುತ್ತದೆ. ‘ಮೆನು ಹಳೆಯ ಕಾಲದ್ದು’ ಎಂಬ ದೂರಿಗೆ ನೀವು ಒಂದೂವರೆ ಪುಟ ಕೊಟ್ಟಿದ್ದೀರಿ. ಒಂದೇ ವಾಕ್ಯ ಸಾಕು: ವೀಕ್ಷಣೆಯ ಮೆನುವಿನಲ್ಲಿ ಟ್ಯಾಬ್ ರೂಪವನ್ನು ಆರಿಸಿಕೊಳ್ಳಬಹುದು.

ವಿಂಡೋಸ್ ಬಿಟ್ಟು ಲಿನಕ್ಸ್ ಮತ್ತು ಉಚಿತ ಆಫೀಸ್ ತಂತ್ರಾಂಶಕ್ಕೆ ಹೋದ ಜರ್ಮನಿಯ ಮ್ಯೂನಿಕ್ ನಗರಾಡಳಿತದ ಉದಾಹರಣೆ ಕೊಟ್ಟು ‘ಅಷ್ಟು ದೊಡ್ಡ ಆಡಳಿತವೇ ಬದಲಾಯಿಸಿಕೊಂಡಿತೆಂದರೆ ನಮಗೇನು ಕಷ್ಟ?’ ಎಂದು ಕೇಳಿದ್ದೀರಿ. ನೀವು 2013ಕ್ಕೆ ಕಥೆ ನಿಲ್ಲಿಸಿದ್ದೀರಿ. 2017ರಲ್ಲಿ ಅದೇ ನಗರಸಭೆ ವಿಂಡೋಸ್‌ಗೆ ಮರಳುವ ತೀರ್ಮಾನ ತೆಗೆದುಕೊಂಡಿತು. ಅರ್ಧ ಕಥೆಯಿಂದ ಧೈರ್ಯ ಹೇಳಬೇಡಿ. ಅಲ್ಲಿ ನಿಮಗೆ ಬೇಕಾದದ್ದು ಇನ್ನೊಂದಿದೆ: ಕಚೇರಿಯ ಪತ್ರಗಳ ಮಾದರಿಗಳನ್ನು ನಿಭಾಯಿಸಲು ಅವರು ವೋಲ್‌ಮುಕ್ಸ್ ಎಂಬ ಪ್ರತ್ಯೇಕ ಸಾಧನವನ್ನೇ ಕಟ್ಟಬೇಕಾಯಿತು. ಇದು ನಿಮ್ಮ ಅನುವಾದಕಿಯ ಸಹಿಯ ಸಾಲಿನದೇ ದೊಡ್ಡ ರೂಪ. ಇತ್ತೀಚಿನ ಉದಾಹರಣೆ ಬೇಕಿದ್ದರೆ, ಜರ್ಮನಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ 2024ರ ಏಪ್ರಿಲ್‌ನಲ್ಲಿ ಸುಮಾರು 30,000 ಗಣಕಗಳಿಗೆ ಲಿಬ್ರೆಆಫೀಸ್ ತರುವುದಾಗಿ ಪ್ರಕಟಿಸಿತು.

ಭಾಷೆಯ ಬಗ್ಗೆ ಒಂದು ಮಾತು. ‘ಬಳಕೆದಾರಸ್ನೇಹಿ’ ಎಂಬ ಪದ ಒಂಬತ್ತು ಸಲ ಬಂದಿದೆ. ಒಂಬತ್ತನ್ನೂ ತೆಗೆಯಿರಿ. ‘ಈ ತಂತ್ರಾಂಶವು ಬಳಕೆದಾರಸ್ನೇಹಿಯಾಗಿದ್ದು, ಕೈಗೆಟುಕುವ ದರದಲ್ಲಿ ಲಭ್ಯವಿದ್ದು, ಎಲ್ಲರ ಅಗತ್ಯಗಳನ್ನೂ ಪೂರೈಸುತ್ತದೆ’ ಎಂಬ ವಾಕ್ಯವನ್ನು ತಂತ್ರಾಂಶವನ್ನು ತೆರೆದೇ ನೋಡದವರೂ ಬರೆಯಬಹುದು. ‘ಕೆಲವರಿಗೆ ಫಾರ್ಮ್ಯಾಟಿಂಗ್ ಸಮಸ್ಯೆ ಎದುರಾಗಿದೆ’ ಎಂಬುದೂ ಅಷ್ಟೇ. ಯಾರಿಗೆ, ಯಾವ ಕಡತದಲ್ಲಿ, ಯಾವ ಪುಟದಲ್ಲಿ? ‘ಸಹಿಯ ಸಾಲು ಮುಂದಿನ ಪುಟಕ್ಕೆ ಹೋಗಿತ್ತಂತೆ’ ಎಂಬುದನ್ನು ಮಾತ್ರ ಅನುಭವಿಸಿದವರೇ ಹೇಳಲು ಸಾಧ್ಯ. ನಿಮ್ಮ ಜನ ನಿಮಗಿಂತ ಚೆನ್ನಾಗಿ ಮಾತನಾಡಿದ್ದಾರೆ. ಅವರ ಮಾತನ್ನು ಅವರ ಬಾಯಲ್ಲೇ ಬಿಡಿ.

ತೀರ್ಪು ಕೊಡಲೇಬೇಕೆಂಬ ಹಟ ಬೇಡ. ಕೊಟ್ಟರೆ, ಕೆಲಸಕ್ಕೆ ತಕ್ಕಂತೆ ಕೊಡಿ. ಒಬ್ಬರೇ ಬರೆದು ಒಬ್ಬರೇ ಮುದ್ರಿಸುವವರು ನಾಳೆಯೇ ಬದಲಾಯಿಸಬಹುದು, ಚಂದಾದ ಹಣ ಪೂರ್ತಿ ಉಳಿಯುತ್ತದೆ ಎಂದು ನನ್ನ ಅನುಭವದಿಂದ ಧೈರ್ಯವಾಗಿ ಹೇಳುತ್ತೇನೆ. ಇಡೀ ತಂಡವೇ ಬದಲಾಯಿಸಿ, 2006ರಿಂದಲೂ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್‌ಒದ ಮಾನ್ಯತೆ ಇರುವ, ಲಿಬ್ರೆಆಫೀಸ್ ಬಳಸುವ ಮುಕ್ತ ಕಡತ ರೂಪವಾದ ಓಡಿಎಫ್‌ನಲ್ಲೇ ಕಡತಗಳನ್ನು ಇಟ್ಟುಕೊಂಡರೂ ಜಾರುವ ಭಯ ಬಹಳ ಕಡಿಮೆ. ಕಷ್ಟವಿರುವುದು ನಡುವಿನವರಿಗೆ. ತಾವು ಬದಲಾಗಿ, ಕಡತ ಕೊಡುವವರೂ ಪಡೆಯುವವರೂ ಬದಲಾಗದೆ ಉಳಿದವರಿಗೆ. ನಿಮ್ಮ ಅನುವಾದಕಿ ಅಂಥವರು. ಅವರಂಥವರು ನಮ್ಮ ಓದುಗರಲ್ಲಿ ಬಹಳ ಜನ ಇದ್ದಾರೆ, ಮತ್ತು ಅವರಿಗಾಗಿ ಯಾರೂ ಸರಿಯಾಗಿ ಬರೆದಿಲ್ಲ.

ಅವರಿಗೆ ಮತ್ತೊಮ್ಮೆ ಕರೆ ಮಾಡಿ. ಸಹಿಯ ಸಾಲು ಜಾರಿದ ಆ ಕಡತ ಇನ್ನೂ ಇದೆಯೇ, ಯಾವ ಫಾಂಟಿನಲ್ಲಿತ್ತು, ಹೇಳಿದವರು ಯಾರು, ಎಷ್ಟು ದಿನದ ಮೇಲೆ ಹೇಳಿದರು ಎಂದು ಕೇಳಿ. ‘ಎರಡೆರಡು ಸಲ ನೋಡುತ್ತೇನೆ’ ಎಂದರೆ ಏನು ನೋಡುತ್ತಾರೆ, ಅದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನೂ ಕೇಳಿ. ಅವರು ಒಪ್ಪಿದರೆ ಪಕ್ಕದಲ್ಲಿ ಕುಳಿತು ನೋಡಿ. ಆಮೇಲೆ ಬರೆದು ಕಳುಹಿಸಿ, ಕಾಯುತ್ತಿರುತ್ತೇನೆ. ಈ ಸಲ ಲೇಖನದ ಜೊತೆಗೆ ಅದರ ಪಿಡಿಎಫ್ ಕೂಡ ಇರಲಿ. ನೀವು ಕಂಡ ಪುಟವನ್ನೇ ನಾನೂ ಕಾಣಬೇಕು.

ವಿಶ್ವಾಸದಿಂದ,
ಸಂಪಾದಕ