ಡುಲೂತ್‌ಗೆ ಮನೆ ಬದಲಾಯಿಸುವ ಮುಂಚೆ ಏಪ್ರಿಲ್‌ನಲ್ಲಿ ಒಮ್ಮೆ ಬಂದು ನೋಡಿ

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ನೀವು ಡಲ್ಲಾಸ್‌ನಲ್ಲಿದ್ದೀರಿ. ನಿಮ್ಮ ಯಜಮಾನರಿಗೆ ಅಮೆರಿಕದ ಉತ್ತರದಂಚಿನ ಮಿನೆಸೋಟಾ ರಾಜ್ಯದಲ್ಲಿ, ಸುಪೀರಿಯರ್ ಸರೋವರದ ದಡದಲ್ಲಿರುವ ಡುಲೂತ್‌ನ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದೆ. ನಾಲ್ಕು ವರ್ಷದ ಮಗ ಇದ್ದಾನೆ. ಇಬ್ಬರಿಗೂ ಟ್ರೆಕ್ಕಿಂಗ್ ಹುಚ್ಚು. ಅಕ್ಟೋಬರ್‌ನಲ್ಲಿ ಎರಡು ದಿನ ಬಂದು ಊರು ನೋಡಿ ಮನಸೋತಿದ್ದೀರಿ. ಈಗ ಕೇಳುತ್ತಿದ್ದೀರಿ: ಚಳಿ ತಡೆಯಬಹುದಾ, ಇಲ್ಲ ಆರು ತಿಂಗಳಿಗೆ ಓಡಿಹೋಗಬೇಕು ಅನ್ನಿಸುತ್ತಾ?

ನಾನು ತೀರ್ಥಹಳ್ಳಿ ಕಡೆಯವನು. ಇಲ್ಲಿಗೆ ಬಂದು ಏಳು ಚಳಿಗಾಲ ಆಯಿತು. ಮೊದಲೇ ಹೇಳಿಬಿಡುತ್ತೇನೆ, ಅಕ್ಟೋಬರ್‌ನಲ್ಲಿ ನೋಡಿದ ಡುಲೂತನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅದು ಹೆಣ್ಣು ನೋಡೋಕೆ ಬರುವ ದಿನದ ಮನೆ ಇದ್ದ ಹಾಗೆ. ಹೊಸ ಪರದೆ, ಬೆಳ್ಳಿ ಲೋಟ, ಕೇಸರಿಬಾತು. ಬರ್ಚ್ ಮರಗಳು ಹಳದಿ, ಸರೋವರ ನೀಲಿ, ಸೊಳ್ಳೆ ಇಲ್ಲ. ಯಾರಿಗೆ ಇಷ್ಟ ಆಗಲ್ಲ ಹೇಳಿ?

ನೋಡಬೇಕಾದದ್ದು ಏಪ್ರಿಲ್‌ನಲ್ಲಿ. ಜನವರಿ ಅಂತ ಹೇಳುತ್ತೇನೆ ಅಂದುಕೊಂಡಿರಬಹುದು. ಜನವರಿಯಲ್ಲಿ ಬೆಳಗಿನ ಜಾವ ಮೈನಸ್ 20 ಡಿಗ್ರಿ ಸೆಲ್ಸಿಯಸ್ ಇರುವುದು ಮಾಮೂಲಿ, ಆದರೆ ಎಷ್ಟೋ ದಿನ ಬಿಸಿಲು ಇರುತ್ತದೆ, ಹಿಮ ಬೆಳ್ಳಗೆ ಹೊಳೆಯುತ್ತದೆ, ಮನಸ್ಸಿಗೆ ಹುರುಪು ಇರುತ್ತದೆ. ಏಪ್ರಿಲ್‌ನಲ್ಲಿ ಅದೂ ಇಲ್ಲ. ಡಲ್ಲಾಸ್‌ನಲ್ಲಿ ನೀವು ಎಸಿ ಹಾಕಿರುತ್ತೀರಿ. ಇಲ್ಲಿ ರಸ್ತೆ ಬದಿಯಲ್ಲಿ ಕಪ್ಪು ಹಿಮದ ದಿಬ್ಬಗಳು, ಕಾಲಿಟ್ಟಲ್ಲೆಲ್ಲ ಕೆಸರು, ಸರೋವರದಿಂದ ಏರಿ ಬರುವ ಮಂಜು. ಕಾಲುದಾರಿಗಳಲ್ಲಿ ನಡೆಯೋಕೂ ಆಗಲ್ಲ, ಸ್ಕೀ ಮಾಡೋಕೂ ಆಗಲ್ಲ. ಊರು ಬಿಟ್ಟು ಹೋದ ನನ್ನ ಪರಿಚಯದವರಲ್ಲಿ ಹೆಚ್ಚಿನವರು ಆ ನಿರ್ಧಾರ ಮಾಡಿದ್ದು ಏಪ್ರಿಲ್‌ನಲ್ಲೇ.

ಇದಕ್ಕೆಲ್ಲ ಕಾರಣ ಸುಪೀರಿಯರ್ ಸರೋವರ. ಸರೋವರ ಅಂತ ಕರೆಯೋದೇ ತಮಾಷೆ. ಅದರ ಹರವು ಸುಮಾರು 82,000 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಐದರಲ್ಲಿ ಎರಡು ಪಾಲಿಗಿಂತ ಜಾಸ್ತಿ. ಅಷ್ಟು ನೀರು ಬಿಸಿಯಾಗೋಕೆ ಬೇಸಿಗೆ ಪೂರ್ತಿ ಬೇಕು. ಹಾಗಾಗಿ ಮೇ ತಿಂಗಳಲ್ಲಿ ಗುಡ್ಡದ ಮೇಲಿನ ಅಂಗಡಿ ಸಾಲಿನಲ್ಲಿ ಟೀ ಶರ್ಟ್ ಹಾಕಿಕೊಂಡು ಓಡಾಡುತ್ತೀರಿ, ಹತ್ತು ನಿಮಿಷ ಕಾರಲ್ಲಿ ಇಳಿದು ದಡಕ್ಕೆ ಬಂದರೆ ಸ್ವೆಟರ್ ಬೇಕು. ಮನೆ ಹುಡುಕುವಾಗ ಇದು ನೆನಪಿರಲಿ.

ಚಳಿ ತಡೆಯಬಹುದಾ ಅಂದರೆ, ತಡೆಯಬಹುದು. ನಮ್ಮ ಕಡೆ ಮಳೆಗಾಲಕ್ಕೆ ಮುಂಚೆ ಏನು ಮಾಡುತ್ತಿದ್ದರು ನೆನಪಿಸಿಕೊಳ್ಳಿ. ಸೌದೆ ಒಟ್ಟುತ್ತಿದ್ದರು, ಹಪ್ಪಳ ಸಂಡಿಗೆ ಮಾಡಿ ಡಬ್ಬಿ ತುಂಬಿಸುತ್ತಿದ್ದರು, ಹಂಚು ಕೈಯಾಡಿಸುತ್ತಿದ್ದರು. ಮಳೆ ಶುರುವಾದ ಮೇಲೆ ಯಾರೂ ಅದು ನಿಲ್ಲಲಿ ಅಂತ ಕಾಯುತ್ತಿರಲಿಲ್ಲ. ಕಂಬಳಿ ಕೊಪ್ಪೆ ಹೊದ್ದು ಗದ್ದೆಗೆ ಹೋಗುತ್ತಿದ್ದರು. ಇಲ್ಲಿಯ ಲೆಕ್ಕವೂ ಅದೇ. ಹವೆ ಚೆನ್ನಾದ ಮೇಲೆ ಹೊರಗೆ ಹೋಗೋಣ ಅಂತ ಕೂತವರಿಗೆ ಡಿಸೆಂಬರ್‌ನಲ್ಲೇ ತಲೆ ಕೆಡುತ್ತದೆ. ಆಗ ಸಂಜೆ ನಾಲ್ಕೂವರೆಗೆ ಮುಂಚೆಯೇ ಸೂರ್ಯ ಮುಳುಗುತ್ತಾನೆ ಬೇರೆ.

ನನ್ನ ಮೊದಲ ಚಳಿಗಾಲದ ಪೆದ್ದುತನ ಕೇಳಿ. ಜೀನ್ಸ್ ಹಾಕಿಕೊಂಡು ಹಿಮದಲ್ಲಿ ನಡೆಯೋಕೆ ಹೋದೆ. ಅರ್ಧ ಗಂಟೆಯಲ್ಲಿ ಮೊಣಕಾಲ ಕೆಳಗೆ ಬಟ್ಟೆ ತಗಡಿನ ಹಾಗೆ ಸೆಟೆದುಕೊಂಡಿತು. ಹತ್ತಿ ಬಟ್ಟೆ ಚಳಿಗಾಲದಲ್ಲಿ ಹೊರಗೆ ಬೇಡವೇ ಬೇಡ. ಒಳಗೆ ಉಣ್ಣೆಯದು, ಹೊರಗೆ ಗಾಳಿ ತಡೆಯುವುದು, ಬೂಟಿಗೆ ಕಟ್ಟುವ ಮುಳ್ಳಿನ ಸರಪಳಿ. ಕಾರಿಗೆ ಚಳಿಗಾಲದ ಟೈರ್ ಹಾಕಿಸಿ, ಡುಲೂತ್ ಇರುವುದೇ ಗುಡ್ಡದ ಇಳಿಜಾರಿನಲ್ಲಿ.

ಹಿಮ ಬಾಚುವ ವಿಷಯ ಬೇರೆ ಹೇಳಬೇಕು. ವರ್ಷಕ್ಕೆ ಸರಾಸರಿ 90 ಇಂಚು ಬೀಳುತ್ತದೆ, ಏಳೂವರೆ ಅಡಿ. ಬೆಳಿಗ್ಗೆ ಐದೂವರೆಗೆ ಎದ್ದು ಕಾರಿನ ದಾರಿಯೆಲ್ಲ ಬಾಚಿ, ಒಳಗೆ ಬಂದು ಕಾಫಿ ಲೋಟ ಕೈಗೆ ತೆಗೆದುಕೊಳ್ಳುವ ಹೊತ್ತಿಗೆ ಹಿಮ ತಳ್ಳುವ ಲಾರಿ ಬರುತ್ತದೆ. ರಸ್ತೆಯ ಹಿಮವನ್ನೆಲ್ಲ ನಿಮ್ಮ ದಾರಿಯ ಬಾಯಿಗೆ ಒಡ್ಡು ಹಾಕಿ ಹೋಗುತ್ತದೆ. ಅದು ಹತ್ತಿಯಂಥ ಹಿಮ ಅಲ್ಲ. ಉಪ್ಪು, ಮರಳು ಕಲೆತ ಹೆಂಟೆ. ಮತ್ತೆ ಸಲಿಕೆ ಹಿಡಿಯಬೇಕು. ಮೊದಲ ವರ್ಷ ನಾನು ಬೈದುಕೊಂಡು ಬಾಚುತ್ತಿದ್ದೆ. ಎದುರು ಮನೆಯ ಅಜ್ಜ ಒಂದು ದಿನ ತನ್ನ ಹಿಮ ಎಸೆಯುವ ಯಂತ್ರ ತಳ್ಳಿಕೊಂಡು ಬಂದು, ಮಾತಿಲ್ಲದೆ ಆ ಒಡ್ಡು ತೆಗೆದು, ಕೈ ಬೀಸಿ ಹೋದ. ಅವನ ಹೆಸರು ಗೊತ್ತಾಗಿದ್ದು ಮಾರ್ಚ್‌ನಲ್ಲಿ. ಇಲ್ಲಿಯ ಸ್ನೇಹ ಹೀಗೇ ನಿಧಾನ, ಆದರೆ ಗಟ್ಟಿ.

2022-23ರ ಚಳಿಗಾಲದಲ್ಲಿ 140 ಇಂಚು ಬಿದ್ದು ದಾಖಲೆಯಾಯಿತು. ನನ್ನ ಸೊಂಟಕ್ಕೆ ಅದು ಇನ್ನೂ ನೆನಪಿದೆ. ಅದರ ಮರುವರ್ಷ ನೋಡಿ, ಹಿಮವೇ ಸಾಲದೆ 2024ರ ಬೇರ್‌ಗ್ರೀಸ್ ನಾಯಿಬಂಡಿ ಓಟವನ್ನೇ ರದ್ದು ಮಾಡಿದರು. ಹವಾಮಾನ ಬದಲಾದರೆ ಜನ ಬಂದು ನೆಲೆಸಲು ಡುಲೂತ್ ಸುರಕ್ಷಿತ ಊರು ಅಂತ 2019ರ ಸುಮಾರಿಗೆ ಪತ್ರಿಕೆಗಳಲ್ಲಿ ಬಂದಿತ್ತಲ್ಲ, ಅದನ್ನು ಪೂರ್ತಿ ನಂಬಿಕೊಂಡು ಬರಬೇಡಿ. ಈಗ ಬೇಸಿಗೆಯಲ್ಲಿ ಕೆನಡಾದ ಕಾಳ್ಗಿಚ್ಚಿನ ಹೊಗೆ ಇಲ್ಲಿಗೂ ಬರುತ್ತದೆ.

ಇಷ್ಟೆಲ್ಲ ಹೇಳಿ ನಾನ್ಯಾಕೆ ಇಲ್ಲೇ ಇದ್ದೇನೆ? ಬುಧವಾರಕ್ಕಾಗಿ. ಬೆಂಗಳೂರಲ್ಲಿದ್ದಾಗ ಕುಮಾರ ಪರ್ವತಕ್ಕೆ ಹೋಗಬೇಕೆಂದರೆ ಶುಕ್ರವಾರ ರಾತ್ರಿ ಬಸ್ಸು ಹತ್ತಿ, ಸೋಮವಾರ ಬೆಳಿಗ್ಗೆ ನಿದ್ದೆಗಣ್ಣಲ್ಲಿ ಆಫೀಸಿಗೆ. ಇಲ್ಲಿ ಚೆಸ್ಟರ್, ಲೆಸ್ಟರ್ ಅಂತ ಹಳ್ಳಗಳು ಬಂಡೆ ಹಾರಿಕೊಂಡು ಊರ ನಡುವೆಯೇ ಇಳಿಯುತ್ತವೆ. ಬುಧವಾರ ಐದು ಗಂಟೆಗೆ ಕೆಲಸ ಮುಗಿಸಿ, ಐದೂ ಇಪ್ಪತ್ತಕ್ಕೆ ದೇವದಾರುಗಳ ಕೆಳಗೆ ಇರುತ್ತೇನೆ. ಸುಪೀರಿಯರ್ ಹೈಕಿಂಗ್ ಟ್ರೇಲ್ ಅನ್ನೋ ಕಾಲುದಾರಿ ಸುಮಾರು 300 ಮೈಲಿ ಉದ್ದದ್ದು, ಅದು ಊರೊಳಗೇ ಹಾದುಹೋಗುತ್ತದೆ. ಸೆಪ್ಟೆಂಬರ್ ನಡುವೆ ಹಾಕ್ ರಿಡ್ಜ್ ಗುಡ್ಡಕ್ಕೆ ಹೋಗಿ. ದಕ್ಷಿಣಕ್ಕೆ ಹೊರಟ ಹದ್ದು, ಗಿಡುಗಗಳಿಗೆ ಅಷ್ಟು ದೊಡ್ಡ ನೀರು ದಾಟಲು ಇಷ್ಟವಿಲ್ಲ. ದಡ ಹಿಡಿದು ಬಂದು ನಮ್ಮ ತಲೆ ಮೇಲೆ ಸೇರುತ್ತವೆ. ಒಳ್ಳೆ ದಿನ ಸಿಕ್ಕರೆ ಸಾವಿರಗಟ್ಟಲೆ.

ಚಳಿಗಾಲದ ಕೊನೆಯಲ್ಲಿ ಸರೋವರದ ಮೇಲಿನ ತೆಳು ಮಂಜುಗಡ್ಡೆ ಒಡೆದು ಗಾಳಿಗೆ ದಡಕ್ಕೆ ಬಂದು ಬೀಳುತ್ತದೆ. ಕಿಟಕಿ ಗಾಜಿನಷ್ಟು ದಪ್ಪದ ಹಾಳೆಗಳು, ಒಂದರ ಮೇಲೊಂದು. ಬಳೆಗಾರನ ಮಲಾರ ಕೈತಪ್ಪಿ ಬಿದ್ದು, ಬಿದ್ದದ್ದು ನಿಲ್ಲದೇ ಇದ್ದರೆ ಹೇಗೆ ಕೇಳಿಸುತ್ತದೋ ಹಾಗೆ ಸದ್ದು. ಮಗಳನ್ನು ಕರೆದುಕೊಂಡು ಸುಮ್ನೆ ಕೂತು ಕೇಳುತ್ತೇವೆ.

ದೊಡ್ಡ ತಿರುಗಾಟಕ್ಕೆ ಬೌಂಡರಿ ವಾಟರ್ಸ್ ಅನ್ನೋ ಕಾಡು ಇದೆ, ಈಲಿ ಊರಿನ ಕಡೆಗೆ ಎರಡು ಗಂಟೆ ದಾರಿ. ಸಾವಿರಕ್ಕೂ ಹೆಚ್ಚು ಕೆರೆಗಳು, ದೋಣಿಯಲ್ಲೇ ಹೋಗಬೇಕು. ಒಂದು ಕೆರೆ ಮುಗಿದರೆ ದೋಣಿಯನ್ನು ಹೆಗಲ ಮೇಲೆ ಹೊತ್ತು ಇನ್ನೊಂದಕ್ಕೆ ನಡೆಯಬೇಕು. ರಾತ್ರಿ ಉಳಿಯಲು ಮೇ 1ರಿಂದ ಸೆಪ್ಟೆಂಬರ್ 30ರವರೆಗೆ ಮುಂಗಡ ಪರವಾನಗಿ ಬೇಕು. ಗುಂಪಿನಲ್ಲಿ 9 ಜನಕ್ಕಿಂತ ಹೆಚ್ಚು ಇರುವಂತಿಲ್ಲ. ತಗಡಿನ ಡಬ್ಬಿಯ ತಿಂಡಿ, ಗಾಜಿನ ಬಾಟಲಿ ಒಯ್ಯುವಂತಿಲ್ಲ. ಅಮ್ಮ ಕೊಟ್ಟ ಮಿಡಿ ಉಪ್ಪಿನಕಾಯಿಯನ್ನು ಪ್ಲಾಸ್ಟಿಕ್ ಡಬ್ಬಿಗೆ ಹಾಕಿಕೊಳ್ಳಿ. ಮೇ, ಜೂನ್‌ನಲ್ಲಿ ಸೊಳ್ಳೆ ಮತ್ತು ಉಣುಗು. ಮಂಗನ ಕಾಯಿಲೆ ಕಂಡ ನಮ್ಮ ಕಡೆಯವರಿಗೆ ಉಣುಗಿನ ಹೆದರಿಕೆ ಹೇಳಿಕೊಡಬೇಕಿಲ್ಲ. ಇಲ್ಲಿ ಅದು ಲೈಮ್ ಕಾಯಿಲೆ ತರುತ್ತದೆ. ಕಾಡಿಂದ ಬಂದ ಕೂಡಲೇ ಮಗನ ಕಿವಿ ಹಿಂದೆ, ಕಂಕುಳಲ್ಲಿ ನೋಡಿ.

ಮನೆ ವಿಷಯ. ಎಷ್ಟೋ ಮನೆಗಳು ನೂರು ವರ್ಷದವು. ಮಾರುವವರ ಹತ್ತಿರ ಹಿಂದಿನ ಹನ್ನೆರಡು ತಿಂಗಳ ಗ್ಯಾಸ್ ಬಿಲ್ ಕೇಳಿ, ನಾಚಿಕೊಳ್ಳಬೇಡಿ. ಅಟ್ಟದಲ್ಲಿ ಶಾಖ ತಡೆಯುವ ಹೊದಿಕೆ ಸರಿ ಇದೆಯಾ ನೋಡಿಸಿ. ಇಲ್ಲದಿದ್ದರೆ ಒಳಗಿನ ಬಿಸಿಗೆ ಮಾಡಿನ ಹಿಮ ಕರಗಿ, ಅಂಚಿನಲ್ಲಿ ಮತ್ತೆ ಗಟ್ಟಿಯಾಗಿ ಕಟ್ಟೆ ಕಟ್ಟಿ, ನೀರು ಹಿಂದಕ್ಕೆ ನುಗ್ಗಿ ಮನೆಯೊಳಗೆ ಸೋರುತ್ತದೆ. ನನ್ನ ಮಲಗುವ ಕೋಣೆಯಲ್ಲಿ ಫೆಬ್ರವರಿಯಲ್ಲಿ ಬಕೆಟ್ ಇಟ್ಟಿದ್ದೆ. ಸೋರುವ ಮನೆ ಬಿಟ್ಟು ಇಷ್ಟು ದೂರ ಬಂದೆ ಅಂದುಕೊಂಡಿದ್ದೆ!

ಒಂದು ವಿಷಯ ಮಾತ್ರ ಗಂಭೀರವಾಗಿ ಯೋಚಿಸಿ. ನೀವು ಎಚ್-1ಬಿ, ಅಂದರೆ ಕೆಲಸದ ವೀಸಾದಲ್ಲಿದ್ದರೆ, ಕೆಲಸ ಹೋದಾಗ ಇನ್ನೊಂದು ಹುಡುಕಿಕೊಳ್ಳಲು ಸಾಮಾನ್ಯವಾಗಿ ಹೆಚ್ಚೆಂದರೆ 60 ದಿನ ಸಿಗುತ್ತದೆ. ಡಲ್ಲಾಸ್‌ನಲ್ಲಿ ಅಷ್ಟರಲ್ಲಿ ಇನ್ನೊಂದು ಕೆಲಸ ಹುಡುಕಬಹುದು. 87,000 ಜನರ ಊರಿನಲ್ಲಿ ಆಸ್ಪತ್ರೆ, ವಿಶ್ವವಿದ್ಯಾಲಯ, ಬಂದರು, ಒಂದು ವಿಮಾನ ತಯಾರಿಸುವ ಕಂಪನಿ ಬಿಟ್ಟರೆ ಆಯ್ಕೆ ಕಡಿಮೆ. ಗ್ರೀನ್ ಕಾರ್ಡ್ ಅರ್ಜಿ ನಡೆಯುತ್ತಿದ್ದರೆ ಒಪ್ಪಿಗೆ ಕೊಡುವ ಮುಂಚೆ ವಕೀಲರನ್ನು ಕೇಳಿ. ನಿಮ್ಮ ಕೆಲಸದ ಬಗ್ಗೆ ಪ್ರಶ್ನೆಯಲ್ಲಿ ಏನೂ ಬರೆದಿಲ್ಲ. ಅದನ್ನೂ ಮರೆಯಬೇಡಿ. ಮನೆಯಲ್ಲಿ ಒಬ್ಬರಿಗೆ ಮಾತ್ರ ಹೊರಗೆ ಹೋಗಲು ಕಾರಣ ಇದ್ದರೆ, ಇನ್ನೊಬ್ಬರಿಗೆ ಚಳಿಗಾಲ ಇಮ್ಮಡಿ ಉದ್ದ.

ಕನ್ನಡದವರು ಬೆರಳೆಣಿಕೆ. ದೇವಸ್ಥಾನ, ದಿನಸಿ ಅಂದರೆ ಮಿನಿಯಾಪೊಲಿಸ್, ಎರಡೂವರೆ ಗಂಟೆ. ತಿಂಗಳಿಗೊಮ್ಮೆ ಹೋಗಿ ಬರುತ್ತೇವೆ. ಒಮ್ಮೆ ಜನವರಿಯಲ್ಲಿ ದಾರಿಯಲ್ಲಿ ಊಟಕ್ಕೆ ನಿಲ್ಲಿಸಿ, ಚೀಲ ಕಾರಲ್ಲೇ ಬಿಟ್ಟೆವು. ಮುಕ್ಕಾಲು ಗಂಟೆಯಲ್ಲಿ ಎರಡು ಕಟ್ಟು ಕರಿಬೇವು ಕಪ್ಪಾಗಿ ಗಾಜಿನ ಹಾಗೆ ಪುಡಿಯಾಯಿತು. ಈಗ ಕರಿಬೇವಿನ ಚೀಲ ನಮ್ಮ ಜೊತೆ ಹೋಟೆಲ್ ಒಳಗೆ ಬಂದು ಕುರ್ಚಿ ಮೇಲೆ ಕೂರುತ್ತದೆ.

ಏಪ್ರಿಲ್‌ನಲ್ಲಿ ಬರುವುದಾದರೆ ಶನಿವಾರ, ಭಾನುವಾರ ಬೇಡ. ಮಂಗಳವಾರದಿಂದ ಗುರುವಾರದವರೆಗೆ ಇರುವ ಹಾಗೆ ಬನ್ನಿ. ಮಗನಿಗೆ ರಬ್ಬರ್ ಬೂಟು ಹಾಕಿ, ಸಂಜೆ ಐದಕ್ಕೆ ಚೆಸ್ಟರ್ ಹಳ್ಳದ ಪಕ್ಕ ಅರ್ಧ ಗಂಟೆ ನಡೆಸಿಕೊಂಡು ಹೋಗಿ. ಕೆಸರು ಮೊಣಕಾಲಿನವರೆಗೆ ಬರುತ್ತದೆ. ಅವನು ವಾಪಸ್ ಬರಲ್ಲ ಅಂತ ಹಟ ಮಾಡಿದರೆ, ನೀವು ಮನೆ ನೋಡೋಕೆ ಶುರು ಮಾಡಬಹುದು.