ನಿಮ್ಮ ಪ್ರಶ್ನೆ, ನಮ್ಮ ಉತ್ತರ: ಕಡಿಮೆ ಖರ್ಚಿನ ಮಾಡ್ಯುಲರ್ ಅಡುಗೆಮನೆ

ಬಿಡಿಭಾಗಗಳಾಗಿ ಬಂದು ಮನೆಯಲ್ಲೇ ಜೋಡಿಸುವ ಮಾಡ್ಯುಲರ್ ಕಿಚನ್ ಬಗ್ಗೆ ಬಂದ ಪತ್ರಗಳಲ್ಲಿ ಐದನ್ನು ಈ ಸಂಚಿಕೆಗೆ ಆರಿಸಿದ್ದೇವೆ.

ಪ್ರಶ್ನೆ: ಮೂವರು ಅಂಗಡಿಯವರು ಚದರಡಿಗೆ ಮೂರು ದರ ಹೇಳಿದ್ದಾರೆ. ಒಬ್ಬರು ಪಾರ್ಟಿಕಲ್ ಬೋರ್ಡ್, ಒಬ್ಬರು ಎಚ್‌ಡಿಎಚ್‌ಎಂಆರ್, ಇನ್ನೊಬ್ಬರು ಪ್ಲೈವುಡ್ ಅನ್ನುತ್ತಾರೆ. ಯಾವುದನ್ನು ನಂಬಲಿ? (ದಾವಣಗೆರೆ)

ಮೊದಲು ಆ ಚದರಡಿ ಎಂದರೆ ಏನೆಂದು ಕೇಳಿ. ಕೆಲವರು ಎದುರಿನಿಂದ ಕಾಣುವ ಮುಖವನ್ನಷ್ಟೇ ಅಳೆಯುತ್ತಾರೆ. ಕೆಲವರು ಬಾಕ್ಸಿನ ಪಕ್ಕ, ತಳ, ಹಲಗೆ, ಶಟರ್ (ಮುಂದಿನ ಬಾಗಿಲು) ಎಲ್ಲವನ್ನೂ ಬೇರೆ ಬೇರೆ ಅಳೆದು ಕೂಡಿಸುತ್ತಾರೆ. ಎರಡನೆಯವರ ದರ ಕಡಿಮೆ ಕಂಡರೂ ಬಿಲ್ಲು ಜಾಸ್ತಿ ಬರಬಹುದು. ಹಿಂಜ್, ಡ್ರಾಯರ್ ಚಾನಲ್, ಬುಟ್ಟಿ, ಕಾಲು, ಸ್ಕರ್ಟಿಂಗ್ (ಕಾಲುಗಳನ್ನು ಮುಚ್ಚುವ ಪಟ್ಟಿ), ಜೋಡಣೆ ಕೂಲಿ, ಜಿಎಸ್‌ಟಿ ಸೇರಿಸಿ ಒಟ್ಟು ಮೊತ್ತ ಬರೆಸಿಕೊಂಡು ಹೋಲಿಸಿ.

ಇನ್ನು ಹಲಗೆಯ ವಿಷಯ. ಮರದ ಚೂರುಗಳನ್ನು ಅಂಟಿನಿಂದ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ಅಗ್ಗ, ನೇರವಾಗಿರುತ್ತದೆ, ಗೋಡೆಯ ಮೇಲಿನ ಕಪಾಟಿಗೆ ಸಾಕು. ಆದರೆ ಅಂಚಿನಿಂದ ನೀರು ಹೀರಿದರೆ ಉಬ್ಬುತ್ತದೆ, ಒಣಗಿದ ಮೇಲೂ ಮೊದಲಿನಂತಾಗುವುದಿಲ್ಲ. ಎಚ್‌ಡಿಎಚ್‌ಎಂಆರ್ ಒತ್ತಾದ, ಭಾರದ ಬೋರ್ಡು. ತೇವವನ್ನು ಚೆನ್ನಾಗಿ ತಡೆದರೂ ನಿಂತ ನೀರಿಗೆ ಅದೂ ಸೋಲುತ್ತದೆ. ಸಿಂಕಿನ ಕೆಳಗಿನ ಬಾಕ್ಸಿಗೆ ಐಎಸ್ 710 ಗುರುತಿನ ಬಿಡಬ್ಲ್ಯುಪಿ (ಕುದಿನೀರನ್ನೂ ತಡೆಯುವ) ಪ್ಲೈವುಡ್ಡೇ ಇರಲಿ. 72 ಗಂಟೆ ಕುದಿಯುವ ನೀರಿನಲ್ಲಿಟ್ಟರೂ ಅದರ ಅಂಟು ಬಿಡಬಾರದು ಎಂಬುದು ಆ ಮಾನದಂಡದ ಪರೀಕ್ಷೆ. ಹಾಳೆಯ ಮೇಲಿನ ಐಎಸ್‌ಐ ಗುರುತಿನ ಜೊತೆಗಿರುವ ಲೈಸೆನ್ಸ್ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ. ‘ವಾಟರ್‌ಪ್ರೂಫ್’ ಎಂಬ ಬಾಯಿಮಾತನ್ನು ಮಾತ್ರ ನಂಬಬೇಡಿ.

ನಮ್ಮ ಸಲಹೆ: ಸಿಂಕಿನ ಬಾಕ್ಸಿಗೆ ಐಎಸ್ 710 ಪ್ಲೈ, ಉಳಿದ ಕೆಳಗಿನ ಬಾಕ್ಸುಗಳಿಗೆ 18 ಮಿ.ಮೀ. ಎಚ್‌ಡಿಎಚ್‌ಎಂಆರ್, ಮೇಲಿನವಕ್ಕೆ ಪಾರ್ಟಿಕಲ್ ಬೋರ್ಡ್. ಎಲ್ಲ ಅಂಚುಗಳಿಗೂ ಯಂತ್ರದಲ್ಲಿ ಒತ್ತಿದ ಪಟ್ಟಿ ಬೇಕು. ಬಾಕ್ಸಿಗೆ 0.8 ಮಿ.ಮೀ., ಶಟರಿಗೆ 2 ಮಿ.ಮೀ. ಕೈಯಲ್ಲಿ ಅಂಟಿಸಿದ ಪಟ್ಟಿ ಬೇಗ ಬಿಡುತ್ತದೆ, ಅಗ್ಗದ ಅಡುಗೆಮನೆ ಕೆಡಲು ಶುರುವಾಗುವುದೇ ಅಲ್ಲಿಂದ. ಉಳಿತಾಯ ಮಾಡಬೇಕಾದದ್ದು ಕಣ್ಣಿಗೆ ಕಾಣುವ ಕಡೆ: ಅಕ್ರಿಲಿಕ್ ಬದಲು ಮ್ಯಾಟ್ ಲ್ಯಾಮಿನೇಟ್, ಒಂದೇ ಕಡೆ ಮೂರು ಡ್ರಾಯರ್, ಉಳಿದೆಡೆ ಬರೀ ಹಲಗೆ. ಮೂಲೆಯಲ್ಲಿ ತಿರುಗುವ ಬುಟ್ಟಿಗಳ ಬೆಲೆ ನೋಡಿದರೆ ಅಲ್ಲಿ ಇಡ್ಲಿ ಪಾತ್ರೆ, ದೊಡ್ಡ ಬೋಗುಣಿ ಇಡುವುದೇ ಲೇಸು.

ಪ್ರಶ್ನೆ: ಗ್ರಾನೈಟ್ ಕಟ್ಟೆ ಈಗಾಗಲೇ ಇದೆ, ಕೆಳಗೆ ಕಡಪಾ ಕಲ್ಲಿನ ಅಡ್ಡಗೋಡೆಗಳಿವೆ. ನಾಗಸಂದ್ರದ ಐಕಿಯಾದಿಂದ ಬಾಕ್ಸ್ ತಂದು ಅದರೊಳಗೆ ಕೂರಿಸಬಹುದೇ? (ಬೆಂಗಳೂರು)

ತರುವ ಮೊದಲು ಅಳೆಯಿರಿ. ಅವರ ಮೆಟೋಡ್ ಸರಣಿಯ ನೆಲದ ಬಾಕ್ಸು 80 ಸೆಂ.ಮೀ. ಎತ್ತರ, ಕಾಲು 8 ಸೆಂ.ಮೀ., ಒಟ್ಟು 88. ನಮ್ಮ ಮನೆಗಳ ಕಟ್ಟೆಯ ಮೇಲ್ಮೈ ಸಾಮಾನ್ಯವಾಗಿ 32ರಿಂದ 34 ಅಂಗುಲ, ಅಂದರೆ 81ರಿಂದ 86 ಸೆಂ.ಮೀ. ಕಲ್ಲಿನ ದಪ್ಪ ಕಳೆದರೆ ಕೆಳಗೆ ಉಳಿಯುವುದು ಇನ್ನೂ ಕಡಿಮೆ. ಬಾಕ್ಸನ್ನು ಕುಯ್ದು ಗಿಡ್ಡ ಮಾಡಿದರೆ ಮೊದಲೇ ಕೊರೆದ ರಂಧ್ರಗಳು ಹೊಂದುವುದಿಲ್ಲ, ಕುಯ್ದ ಅಂಚು ಬೆತ್ತಲಾಗುತ್ತದೆ. ಕಾಲು ತೆಗೆದು ನೆಲಕ್ಕೇ ಇಟ್ಟರೆ ನೆಲ ತೊಳೆದ ಮೊದಲ ದಿನವೇ ತಳ ನೀರು ಕುಡಿಯುತ್ತದೆ. ಕಟ್ಟೆ ಒಡೆದು ಹೊಸದಾಗಿ ಮಾಡುವುದಾದರೆ ಮಾತ್ರ ಅಂಥ ಸಿದ್ಧ ಅಳತೆಯ ಬಾಕ್ಸು ಸರಿ.

ಒಡೆಯುವುದಿಲ್ಲ ಎಂದಾದರೆ, ನಿಮ್ಮ ಅಳತೆಗೇ ಯಂತ್ರದಲ್ಲಿ ಕತ್ತರಿಸಿ, ರಂಧ್ರ ಹಾಕಿ, ಬಿಡಿಯಾಗಿ ಕಳಿಸುವ ಸ್ಥಳೀಯ ಕಾರ್ಖಾನೆಗಳಿಂದ ಮಾಡಿಸಿ. ಪ್ರತಿ ಖಾನೆಯ ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆದು, ಅತಿ ಚಿಕ್ಕದರಿಂದ 10 ಮಿ.ಮೀ. ಕಳೆದು ಕೊಡಿ. ಕಲ್ಲಿನ ಕೆಳಗಿನ ಎತ್ತರ 780 ಮಿ.ಮೀ. ಇದ್ದರೆ ಬಾಕ್ಸು 670, ಕಾಲು 100. ಕಾಲನ್ನು ಪೂರ್ತಿ ಇಳಿಸಿ ಒಳಗೆ ತಳ್ಳಿ, ಆಮೇಲೆ ಎತ್ತರಿಸಬೇಕು. ಹಿಂದಿನ ಪೈಪು ಗೋಡೆಯಿಂದ ಎಷ್ಟು ಮುಂದೆ ಬಂದಿದೆ ಎಂಬುದನ್ನು ಆಳದಿಂದ ಕಳೆಯಲು ಮರೆಯಬೇಡಿ. ಖರ್ಚು ಇನ್ನೂ ಇಳಿಯಬೇಕಾದರೆ ಬಾಕ್ಸೇ ಬೇಡ. ಕಡಪಾ ಖಾನೆಗಳಿಗೆ ಚೌಕಟ್ಟು ಕೂರಿಸಿ ಶಟರ್ ಹಾಕಿಸಿ. ಸಿಂಕಿನ ಕೆಳಗೆ ನೀರು ಸೋರಿದರೂ ಕಲ್ಲಿಗೆ ಏನೂ ಆಗುವುದಿಲ್ಲ.

ಪ್ರಶ್ನೆ: ಭಾಗಗಳು ಬಂದಿವೆ. ನಾನೂ ಊರಿನ ಬಡಗಿಯೂ ಸೇರಿ ಜೋಡಿಸುತ್ತೇವೆ. ನೆಲಕ್ಕೆ ನೀರು ಹರಿಯುವ ವಾಟ ಇದೆ. ಯಾವ ಕ್ರಮದಲ್ಲಿ ಮಾಡಬೇಕು? (ಗದಗ)

ವಾಟ ಇದೆ ಎಂದು ಮೊದಲೇ ಗಮನಿಸಿದ್ದು ಒಳ್ಳೆಯದಾಯಿತು, ಅರ್ಧ ತೊಂದರೆ ಅದರಿಂದಲೇ ಹುಟ್ಟುವುದು. ನೀರು ತುಂಬಿದ ಟ್ಯೂಬಿನಿಂದ ನೆಲದ ಅತಿ ಎತ್ತರದ ಜಾಗ ಹುಡುಕಿ. ಅಲ್ಲಿಂದ 820 ಮಿ.ಮೀ. ಮೇಲೆ ಗೋಡೆಗೆ ಸುತ್ತಲೂ ಗೆರೆ ಎಳೆಯಿರಿ. 100ರ ಕಾಲು, 720ರ ಬಾಕ್ಸು. ಮೇಲೆ 20ರ ಕಲ್ಲು ಬಂದರೆ ಕಟ್ಟೆ 840. ಅಡುಗೆ ಮಾಡುವವರು ಐದಡಿ ಎತ್ತರದವರಾದರೆ 820 ಸಾಕು, ಬಾಕ್ಸು ಆರ್ಡರ್ ಮಾಡುವಾಗಲೇ 700 ಎಂದು ಹೇಳಬೇಕಿತ್ತು. ತಗ್ಗಿನ ತುದಿಯಲ್ಲಿ ಕಾಲು ಎಷ್ಟು ಉದ್ದವಾಗಬೇಕೆಂದು ಈಗಲೇ ನೋಡಿಕೊಳ್ಳಿ. ತಿರುಪು ಅಷ್ಟು ಬರದಿದ್ದರೆ ಉದ್ದದ ಕಾಲು ತರಿಸಿ. ಹಲಗೆ ಚೂರು ಕೆಳಗಿಟ್ಟು ಸರಿದೂಗಿಸಬೇಡಿ, ಒದ್ದೆಯಾದರೆ ಅದೇ ಮೊದಲು ಕುಸಿಯುವುದು.

ಬಾಕ್ಸನ್ನು ಚಾಪೆಯ ಮೇಲೆ ಜೋಡಿಸಿ. 8 ಮಿ.ಮೀ. ಮರದ ಗೂಟ ಮೊದಲು, ಮಿನಿಫಿಕ್ಸ್ (ಚಕ್ರ ತಿರುಗಿಸಿ ಎರಡು ಹಲಗೆ ಬಿಗಿಯುವ ಜೋಡಣೆ) ಬೋಲ್ಟು ಆಮೇಲೆ. ಮಿನಿಫಿಕ್ಸ್ ಚಕ್ರದ ಬಾಣ ಬೋಲ್ಟಿನ ಕಡೆ ತಿರುಗಿರಬೇಕು. ಬಿಗಿಯಾದ ಕೂಡಲೇ ನಿಲ್ಲಿಸಿ, ಇನ್ನಷ್ಟು ತಿರುಗಿಸಿದರೆ ಬೋರ್ಡು ಸೀಳುತ್ತದೆ. ಹಿಂದಿನ ಹಲಗೆ ಬಿಗಿಯುವ ಮೊದಲು ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆಯಿರಿ. 600 ಅಗಲ, 720 ಎತ್ತರದ ಬಾಕ್ಸಿಗೆ ಎರಡೂ 937 ಮಿ.ಮೀ. ಬರಬೇಕು. ಇಲ್ಲಿ 3 ಮಿ.ಮೀ. ಬಿಟ್ಟರೆ ಮುಂದೆ ಶಟರು ಎಂದೂ ನೇರ ನಿಲ್ಲುವುದಿಲ್ಲ. ಸಿಂಕಿನ ಬಾಕ್ಸಿನ ಒಳಸಂದಿಗಳಿಗೂ ಪೈಪಿಗಾಗಿ ಕೊರೆದ ರಂಧ್ರದ ಅಂಚಿಗೂ ಸಿಲಿಕಾನ್ ಹಚ್ಚಿ. ಇದನ್ನು ಬಿಡುವವರೇ ಹೆಚ್ಚು.

ಗೋಡೆಯ ಕಪಾಟುಗಳನ್ನು ಮೊದಲು ತೂಗುಹಾಕಿ. ಆಗ ಕೆಳಗೆ ನಿಲ್ಲಲು ಜಾಗವಿರುತ್ತದೆ. ಕಟ್ಟೆಯಿಂದ 600 ಮಿ.ಮೀ. ಮೇಲೆ ಅವುಗಳ ತಳ ಬರಲಿ. ಕೆಳಗಿನದನ್ನು ಮೂಲೆಯಿಂದ ಶುರು ಮಾಡಿ. ಮೂಲೆಯಲ್ಲಿ ಕನಿಷ್ಠ 50 ಮಿ.ಮೀ. ಪಟ್ಟಿ ಬಿಡದಿದ್ದರೆ ಒಂದು ಡ್ರಾಯರ್ ಎಳೆದಾಗ ಪಕ್ಕದ ಹಿಡಿಕೆಗೆ ತಾಗುತ್ತದೆ. ಪ್ರತಿ ಬಾಕ್ಸನ್ನೂ ರಸಮಟ್ಟದಿಂದ ಉದ್ದಕ್ಕೂ ಆಳಕ್ಕೂ ನೋಡಿ ಕಾಲು ತಿರುಗಿಸಿ. ಎರಡನ್ನು ಕ್ಲ್ಯಾಂಪಿನಿಂದ ಹಿಡಿದು, 3 ಮಿ.ಮೀ. ರಂಧ್ರ ಕೊರೆದು, 30 ಮಿ.ಮೀ. ಸ್ಕ್ರೂ ಹಾಕಿ. ಎರಡು ಹಲಗೆ ಸೇರಿ 36 ಮಿ.ಮೀ. ಆದ್ದರಿಂದ ಮೊನೆ ಆಚೆ ಬರುವುದಿಲ್ಲ.

ಕಲ್ಲಿನ ವಿಷಯಕ್ಕೆ ಬಂದರೆ, ಎಂಟಡಿ ಉದ್ದ, ಎರಡಡಿ ಅಗಲ, 20 ಮಿ.ಮೀ. ದಪ್ಪದ ಗ್ರಾನೈಟ್ ಸುಮಾರು 80 ಕೆ.ಜಿ. ತೂಗುತ್ತದೆ. 600ಕ್ಕಿಂತ ಅಗಲದ ಬಾಕ್ಸಿಗೆ ನಡುವೆ ಇನ್ನೊಂದು ಕಾಲು ಕೊಡಿ. ಮೇಸ್ತ್ರಿಗಳು ರೂಢಿಯಂತೆ ಸಿಮೆಂಟ್ ಹಾಕಿ ಕಲ್ಲು ಕೂರಿಸಲು ಬರುತ್ತಾರೆ. ಖಂಡಿತ ಬಿಡಬೇಡಿ. ಸಿಮೆಂಟಿನ ನೀರನ್ನು ಬೋರ್ಡಿನ ಅಂಚು ಹೀರುತ್ತದೆ. ಅಲ್ಲಲ್ಲಿ ಸಿಲಿಕಾನ್ ಇಟ್ಟು ಕೂರಿಸಿ, 24 ಗಂಟೆ ಮುಟ್ಟಬೇಡಿ. ಸಿಂಕಿನ ನಲ್ಲಿ ಬಿಟ್ಟು, ಪೈಪಿನ ಕೆಳಗೆ ಒಣ ಕಾಗದ ಹಾಸಿ ಎರಡು ದಿನ ನೋಡಿದ ಮೇಲೆಯೇ ಸಾಮಾನು ತುಂಬಿ. ಸ್ಕರ್ಟಿಂಗ್ ಪಿವಿಸಿ ಅಥವಾ ಅಲ್ಯೂಮಿನಿಯಂ ಇರಲಿ.

ಶಟರುಗಳ ಸಾಲು ವಾರೆ ಕಂಡರೆ ಗಾಬರಿ ಬೇಡ. ಹಿಂಜಿನ ಮುಂದಿನ ಸ್ಕ್ರೂ ಎಡ-ಬಲಕ್ಕೆ, ಹಿಂದಿನದು ಒಳ-ಹೊರಗೆ, ಪ್ಲೇಟಿನ ಸ್ಕ್ರೂಗಳು ಮೇಲೆ-ಕೆಳಗೆ ಸರಿಸುತ್ತವೆ.

ಪ್ರಶ್ನೆ: ನಮ್ಮದು ಮುರಕಲ್ಲಿನ ಗೋಡೆ. ಕಪಾಟು ಕಳಚಿ ಬೀಳಬಹುದೆಂಬ ಭಯ. ಉಪ್ಪುಗಾಳಿಯೂ ಇದೆ. (ಉಡುಪಿ)

ಭಯಕ್ಕೆ ಕಾರಣವಿದೆ. ಸ್ಟೀಲ್ ಡಬ್ಬಿ ತುಂಬಿದ 600 ಅಗಲದ ಕಪಾಟು 40 ಕೆ.ಜಿ. ದಾಟಬಹುದು. ಗಾರೆಗೆ ಹಿಡಿತವಿಲ್ಲ, ಕಲ್ಲಿನೊಳಗೆ ಸಾಕಷ್ಟು ಇಳಿಯಬೇಕು. ಆದ್ದರಿಂದ 10 ಮಿ.ಮೀ. ದಪ್ಪ, 100 ಮಿ.ಮೀ. ಉದ್ದದ ಪ್ಲಗ್ ಬಳಸಿ. ಡ್ರಿಲ್ಲಿನ ಹ್ಯಾಮರ್ ಬಂದ್ ಮಾಡಿ ಬರೀ ತಿರುಗಿಸಿ ಕೊರೆಯಿರಿ. ಬಡಿದರೆ ಮುರಕಲ್ಲಿನ ತೂತು ಅಗಲವಾಗಿ ಪ್ಲಗ್ ಸುಮ್ಮನೆ ತಿರುಗುತ್ತದೆ. ಎರಡೆರಡು ಸ್ಕ್ರೂಗಳ ಮೇಲೆ ತೂಗುಹಾಕುವ ಬದಲು ಉದ್ದಕ್ಕೂ ಕಬ್ಬಿಣದ ರೈಲು ಹಾಕಿ. ಕಲ್ಲು ಗಟ್ಟಿ ಇರುವ ಜಾಗವನ್ನು ಆರಿಸಿಕೊಳ್ಳಬಹುದು. ಹಿಂಜ್ 304 ದರ್ಜೆಯ ಸ್ಟೀಲಿನದಾಗಲಿ. ಮಳೆಗಾಲದಲ್ಲಿ ಬೆವರುವ ಗೋಡೆಯಾದರೆ ಬಾಕ್ಸಿನ ಹಿಂದೆ 20 ಮಿ.ಮೀ. ಗಾಳಿ ಆಡಲು ಬಿಡಿ, ಇಲ್ಲವಾದರೆ ಬೂಷ್ಟು.

ಪ್ರಶ್ನೆ: ಸಿಲಿಂಡರನ್ನು ಬಾಕ್ಸಿನೊಳಗೆ ಬಚ್ಚಿಡಬಹುದೇ? (ಮೈಸೂರು)

ತಳ ಹಲಗೆ ಇಲ್ಲದ ಬಾಕ್ಸಿನಲ್ಲಿ, ನೆಲದ ಮೇಲೆ ನೆಟ್ಟಗೆ ನಿಲ್ಲಿಸಿ ಇಡಬಹುದು. ರೆಗ್ಯುಲೇಟರ್ ಸಮೇತ ಎತ್ತರ ಅಳೆದು, ಕೈ ಆಡಲು ಜಾಗ ಸೇರಿಸಿ ಬಾಕ್ಸು ಹೇಳಿ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಹರಡುತ್ತದೆ. ಆದ್ದರಿಂದ ಶಟರಿನ ಕೆಳಭಾಗದಲ್ಲಿ ಜಾಲರಿ ಇರಲೇಬೇಕು, ಅಲ್ಲಿ ಸ್ಕರ್ಟಿಂಗ್ ಮುಚ್ಚಬಾರದು, ಒಳಗೆ ಸ್ವಿಚ್ಚು ಪ್ಲಗ್ಗು ಇರಬಾರದು. ಸುರಕ್ಷಾ ರಬ್ಬರ್ ಪೈಪು 1.5 ಮೀಟರಿಗಿಂತ ಉದ್ದ ಬೇಡ, ನಡುವೆ ಜೋಡಣೆ ಬೇಡ, ಐದು ವರ್ಷಕ್ಕೊಮ್ಮೆ ಬದಲಿಸಿ. ಪೈಪು ಹಲಗೆ ದಾಟುವ ರಂಧ್ರದ ಅಂಚನ್ನು ಉಜ್ಜಿ ನಯ ಮಾಡಿ ರಬ್ಬರ್ ಬಳೆ ಹಾಕಿ. ಶಟರ್ ತೆರೆದ ಕೂಡಲೇ ಪೈಪು ಪೂರ್ತಿ ಕಣ್ಣಿಗೆ ಬೀಳುವಂತಿರಲಿ.