ಕುಂದವಾಡ ಕೆರೆಗೆ ಪ್ಲಾಸ್ಟಿಕ್ ಹಿಡಿಯುವ ರೋಬೋ ಬಿಡಬಹುದಾ?

ಪ್ರಶ್ನೆ: ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಬೆಳಿಗ್ಗೆ ಕುಂದವಾಡ ಕೆರೆ ಏರಿ ಮೇಲೆ ವಾಕಿಂಗ್ ಹೋಗುತ್ತೇನೆ. ದಡದಲ್ಲಿ ಕವರ್, ಬಾಟಲಿ, ಗುಟ್ಕಾ ಪ್ಯಾಕೆಟ್ ನೋಡಿ ಬೇಜಾರಾಗುತ್ತದೆ. ನೀರಿನಲ್ಲಿರುವ ಪ್ಲಾಸ್ಟಿಕ್ ಚೂರುಗಳನ್ನು ತಿನ್ನುವ, ಕಣ್ಣಿಗೆ ಕಾಣದಷ್ಟು ಚಿಕ್ಕ ರೋಬೋಗಳ ವಿಡಿಯೊ ನೋಡಿದೆ. ಅವನ್ನು ನಮ್ಮ ಕೆರೆಗೆ ಬಿಟ್ಟರೆ ಆಗಲ್ವಾ? ಇದನ್ನೇ ಕಾಲೇಜಿನ ಪ್ರಾಜೆಕ್ಟ್ ಆಗಿ ತಗೊಳ್ಳಬಹುದಾ?

ಉತ್ತರ: ಪ್ರಾಜೆಕ್ಟ್‌ಗೆ ಖಂಡಿತ ತಗೊಳ್ಳಿ. ಕೆರೆಗೆ ಮಾತ್ರ ಬಿಡುವ ಹಾಗಿಲ್ಲ. ಅದು ಊರು ಕುಡಿಯುವ ನೀರು. ಈಗಿನ ಸ್ಥಿತಿಯಲ್ಲಿ ಬಿಟ್ಟರೆ ಪ್ಲಾಸ್ಟಿಕ್ ಜೊತೆ ಇನ್ನೊಂದು ಕಸ ಸೇರಿಸಿದಂತೆ.

ಮೊದಲು ಆ ರೋಬೋ ಹೇಗಿರುತ್ತದೆ ನೋಡೋಣ. ಅದರಲ್ಲಿ ಬ್ಯಾಟರಿ, ಮೋಟರ್, ಚಿಪ್ ಏನೂ ಇರಲ್ಲ. ಜೆಕ್ ದೇಶದ ಮಾರ್ಟಿನ್ ಪುಮೆರಾ ಅವರ ತಂಡ 2024ರಲ್ಲಿ ತೋರಿಸಿದ ರೋಬೋ ಅಂದರೆ ಅಯಸ್ಕಾಂತಕ್ಕೆ ಸ್ಪಂದಿಸುವ ಒಂದು ಪುಟ್ಟ ಗುಂಡು, ಅಷ್ಟೇ. ಅಗಲ 2.8 ಮೈಕ್ರಾನ್. ಅಂಥ 25 ಗುಂಡುಗಳನ್ನು ಸಾಲಾಗಿ ಇಟ್ಟರೆ ಒಂದು ತಲೆಕೂದಲ ದಪ್ಪ ಆಗಬಹುದು. ಮೈ ತುಂಬ ಪಾಲಿಮರ್ ಎಳೆಗಳಿವೆ. ಉತ್ತರಾಣಿ ಕಾಳು ಪಂಚೆಗೆ ಅಂಟಿಕೊಳ್ಳುವ ಹಾಗೆ ಈ ಎಳೆಗಳು ಪ್ಲಾಸ್ಟಿಕ್ ಕಣಕ್ಕೂ ಬ್ಯಾಕ್ಟೀರಿಯಾಕ್ಕೂ ಅಂಟುತ್ತವೆ. ಹೊರಗಿನಿಂದ ಅಯಸ್ಕಾಂತ ಕ್ಷೇತ್ರವನ್ನು ತಿರುಗಿಸಿದರೆ ಗುಂಡುಗಳು ಗುಂಪುಗೂಡಿ ನೀರಿನಲ್ಲಿ ಚಲಿಸುತ್ತವೆ. ಕೆಲಸ ಮುಗಿದ ಮೇಲೆ ಅಯಸ್ಕಾಂತ ಹಿಡಿದು ಎಲ್ಲವನ್ನೂ ಒಂದು ಕಡೆ ಎಳೆದುಕೊಳ್ಳಬಹುದು. ಆಮೇಲೆ ಅಲ್ಟ್ರಾಸೌಂಡ್ ಕೊಟ್ಟು ಅಂಟಿದ್ದನ್ನು ಉದುರಿಸಿ ಮತ್ತೆ ಬಳಸುತ್ತಾರೆ. ಎರಡನೇ ಸಲಕ್ಕೆ ಹಿಡಿತ ಸ್ವಲ್ಪ ಕಡಿಮೆಯಾಗುತ್ತದೆ.

ಗಮನಿಸಿ, ಇದು ಪ್ಲಾಸ್ಟಿಕ್ ತಿನ್ನಲಿಲ್ಲ, ಹಿಡಿಯಿತು. ತಿನ್ನಿಸುವ ಪ್ರಯತ್ನವೂ ನಡೆದಿದೆ. ಇದೇ ಪುಮೆರಾ ತಂಡ 2021ರಲ್ಲಿ ಬಿಸ್ಮತ್ ವನಡೇಟ್ ಎಂಬ ವಸ್ತುವಿನಿಂದ, ಬೆಳಕು ಬಿದ್ದರೆ ತಾನೇ ಓಡಾಡುವ ಕಣಗಳನ್ನು ಮಾಡಿತ್ತು. ಅವು ಪ್ಲಾಸ್ಟಿಕ್‌ಗೆ ಅಂಟಿ ಅದರ ಮೈಯನ್ನು ಕೊರೆಯುತ್ತವೆ. ಆದರೆ ನೀರಿಗೆ ಹೈಡ್ರೋಜನ್ ಪೆರಾಕ್ಸೈಡ್ ಎಂಬ ರಾಸಾಯನಿಕ ಬೆರೆಸಬೇಕಾಯಿತು. ಒಂದು ವಾರ ಬಿಟ್ಟರೂ ಪ್ಲಾಸ್ಟಿಕ್‌ನ ತೂಕ ಇಳಿದದ್ದು ಶೇ 3ರಷ್ಟು. ವಿಜ್ಞಾನದ ದೃಷ್ಟಿಯಿಂದ ಅದು ಒಳ್ಳೆಯ ಆರಂಭವೇ. ವಿಡಿಯೊ ಮಾಡುವವರು ಅದನ್ನು ‘ಪ್ಲಾಸ್ಟಿಕ್ ನುಂಗುವ ರೋಬೋ’ ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಅದನ್ನು ನೋಡಿದವರು ‘ಹೇಗೂ ರೋಬೋ ಬರ್ತದೆ’ ಅಂತ ಕವರನ್ನು ಕೆರೆಗೆ ಎಸೆದಾರು ಎಂಬುದು ನನ್ನ ಆತಂಕ.

ಈಗ ಲೆಕ್ಕಕ್ಕೆ ಬರೋಣ. 2024ರ ಪ್ರಯೋಗದಲ್ಲಿ ಶೇ 80ರಷ್ಟು ಬ್ಯಾಕ್ಟೀರಿಯಾ ಸಿಕ್ಕಿಬಿದ್ದದ್ದು ಒಂದು ಲೀಟರಿಗೆ 7.5 ಗ್ರಾಂ ಪ್ರಮಾಣದಲ್ಲಿ ಗುಂಡುಗಳನ್ನು ಹಾಕಿದಾಗ. ನಿಮ್ಮ ಮನೆ ಮೇಲಿನ 1,000 ಲೀಟರ್ ಟ್ಯಾಂಕಿಗೆ ಅದೇ ಪ್ರಮಾಣ ಅಂದರೆ 7.5 ಕಿಲೋ! ಹಿರಿಯೂರಿನ ವಾಣಿವಿಲಾಸ ಸಾಗರ ತುಂಬಿದರೆ ಸುಮಾರು 30 ಟಿಎಂಸಿ. ಅದಕ್ಕೆ 60 ಲಕ್ಷ ಟನ್ ದಾಟುತ್ತದೆ. ಲ್ಯಾಬಿನ ನೀರಿಗೆ ಬೇಕಂತಲೇ ಬ್ಯಾಕ್ಟೀರಿಯಾ, ಪ್ಲಾಸ್ಟಿಕ್ ಜಾಸ್ತಿ ಬೆರೆಸಿರುತ್ತಾರೆ, ಆದ್ದರಿಂದ ಕೆರೆಗೆ ಇಷ್ಟೆಲ್ಲ ಬೇಕಾಗಲಿಕ್ಕಿಲ್ಲ. ಹತ್ತರಲ್ಲಿ ಒಂದು ಪಾಲು, ನೂರರಲ್ಲಿ ಒಂದು ಪಾಲು ಅಂದುಕೊಂಡರೂ ಕೈಗೆ ಸಿಗುವ ಲೆಕ್ಕವಲ್ಲ, ಅಲ್ವಾ?

ಇನ್ನೊಂದು ತೊಡಕು ಅಯಸ್ಕಾಂತದ್ದು. ದೂರ ಹೋದಷ್ಟೂ ಅದರ ಬಲ ಬೇಗ ಕುಗ್ಗುತ್ತದೆ. ಬೀಕರಿನ ಸುತ್ತ ಕಾಯಿಲ್ ಇಡಬಹುದು, ಕೆರೆ ಸುತ್ತ ಇಡಲು ಆಗುತ್ತದಾ? ಕೆರೆಯ ನೀರಿನಲ್ಲಿ ಪ್ಲಾಸ್ಟಿಕ್ ಒಂದೇ ಇರುವುದೂ ಇಲ್ಲ. ಭದ್ರಾ ನಾಲೆಯಿಂದ ಬರುವ ಮಣ್ಣಿದೆ, ಪಾಚಿಯಿದೆ, ಮೀನಿನ ಮೊಟ್ಟೆಯಿದೆ. ಎಳೆಗಳಿಗೆ ಇವೇ ಮೊದಲು ಮೆತ್ತಿಕೊಂಡರೆ ಪ್ಲಾಸ್ಟಿಕ್‌ಗೆ ಜಾಗ ಎಲ್ಲಿ?

ಹಾಗಾದರೆ ಇದು ಸುಮ್ನೆ ಆಟವಾ? ಅಲ್ಲ. ಇದರ ಜಾಗ ಕೆರೆಯಲ್ಲ, ಪೈಪಿನ ತುದಿ. ಬಟ್ಟೆ ತಯಾರಿಸುವ ಘಟಕ, ಲಾಂಡ್ರಿ, ಕೊಳಚೆ ನೀರು ಶುದ್ಧೀಕರಣ ಘಟಕ, ಇಂಥ ಕಡೆ ನೀರು ಒಂದೇ ಬಾಯಿಂದ ಹೊರಬರುತ್ತದೆ. ಅಲ್ಲಿ ಟ್ಯಾಂಕ್ ಕಟ್ಟಬಹುದು, ಅಯಸ್ಕಾಂತ ಕೂರಿಸಬಹುದು, ಹಾಕಿದ್ದನ್ನೆಲ್ಲ ವಾಪಸ್ ತೆಗೆಯಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸೂರ್ಯಸಾರಥಿ ಬೋಸ್ ಅವರ ತಂಡ 2024ರಲ್ಲಿ ಬೇರೆ ದಾರಿ ಹಿಡಿಯಿತು. ಅವರದು ರೋಬೋ ಅಲ್ಲ, ಹೈಡ್ರೋಜೆಲ್, ಅಂದರೆ ನೀರು ಹೀರಿಕೊಂಡಿರುವ ಮೆತ್ತನೆಯ ಜೆಲ್. ಓಡಾಡದೆ ಇದ್ದಲ್ಲೇ ಇದ್ದು ಪ್ಲಾಸ್ಟಿಕ್ ಕಣಗಳನ್ನು ಹೀರಿಕೊಳ್ಳುತ್ತದೆ, ಅತಿನೇರಳೆ ಬೆಳಕಿನಲ್ಲಿ ಅವನ್ನು ಒಡೆಯುತ್ತದೆ. ಪ್ರಯೋಗದಲ್ಲಿ ಎರಡು ಬಗೆಯ ಕಣಗಳಲ್ಲಿ ಶೇ 95 ಮತ್ತು ಶೇ 93ರಷ್ಟು ತೆಗೆದಿತ್ತು. ನನ್ನನ್ನು ಕೇಳಿದರೆ ನಮ್ಮಂಥ ಊರುಗಳಿಗೆ ಇದು ಬೇಗ ದಕ್ಕುತ್ತದೆ.

ಈಗ ನಿಮ್ಮ ಪ್ರಾಜೆಕ್ಟ್. ಕಬ್ಬಿಣದ ಫೆರಿಕ್ ಮತ್ತು ಫೆರಸ್ ಲವಣಗಳನ್ನು 2:1 ಪ್ರಮಾಣದಲ್ಲಿ ಬೆರೆಸಿ ಅಮೋನಿಯಾ ಹಾಕಿದರೆ ಕಪ್ಪಗೆ ಮ್ಯಾಗ್ನೆಟೈಟ್, ಅಂದರೆ ಅಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಆಕ್ಸೈಡ್, ತಳಕ್ಕಿಳಿಯುತ್ತದೆ. ಕಾಲೇಜಿನ ಲ್ಯಾಬಿನಲ್ಲಿ ಮೇಷ್ಟ್ರ ಎದುರೇ ಮಾಡಿ. ಪ್ಲಾಸ್ಟಿಕ್ ಪುಡಿಯನ್ನು ಮೊದಲು ಆರ್‌ಒ ನೀರಿಗೆ ಹಾಕಿ, ಮ್ಯಾಗ್ನೆಟೈಟ್ ಸೇರಿಸಿ, ಅಯಸ್ಕಾಂತದಿಂದ ಎಷ್ಟು ಸಿಗುತ್ತದೆ ನೋಡಿ. ಆಮೇಲೆ ಅದನ್ನೇ ಕುಂದವಾಡ ಕೆರೆಯ ನೀರಿನಲ್ಲಿ ಮಾಡಿ. ಎರಡರ ನಡುವಿನ ವ್ಯತ್ಯಾಸ ಯಾವ ವಿಡಿಯೊದಲ್ಲೂ ಸಿಗದ ಮಾಹಿತಿ. ಕೆರೆಯಲ್ಲಿ ಈಗಾಗಲೇ ಎಷ್ಟು ಕಣಗಳಿವೆ ಎಂದು ನೋಡಬೇಕಾದರೆ ದಡದ ಮರಳನ್ನು ಉಪ್ಪು ಕರಗುವಷ್ಟೂ ಕರಗಿಸಿದ ನೀರಿಗೆ ಹಾಕಿ ಕಲಕಿ. ಕವರಿನ ಪಾಲಿಥಿನ್, ಥರ್ಮಾಕೋಲ್ ಮೇಲೆ ತೇಲುತ್ತವೆ. ನೀರಿನ ಬಾಟಲಿಯ ಪೆಟ್ ಎಂಬ ಪ್ಲಾಸ್ಟಿಕ್ ಭಾರ, ಅದು ಮುಳುಗುತ್ತದೆ, ಅದನ್ನು ಮರೆಯಬೇಡಿ. ಸ್ಯಾಂಪಲ್ ತೆಗೆಯುವ ದಿನ ಹತ್ತಿ ಬಟ್ಟೆ ಹಾಕಿಕೊಳ್ಳಿ. ಪಾಲಿಯೆಸ್ಟರ್ ಶರ್ಟಿನ ಎಳೆ ಉದುರಿದರೆ ಅದೂ ಲೆಕ್ಕಕ್ಕೆ ಸೇರಿಬಿಡುತ್ತದೆ.

ಆ ದಿನ ದಡದಲ್ಲಿ ಬಿಸಿಲಿಗೆ ಒಣಗಿದ ಒಂದು ಹಳೆ ಮಂಡಕ್ಕಿ ಕವರನ್ನು ಬೆರಳಲ್ಲಿ ಉಜ್ಜಿ ನೋಡಿ. ಹರಿಯುವುದಿಲ್ಲ, ಹಪ್ಪಳದ ಹಾಗೆ ಪುಡಿಯಾಗಿ ಉದುರುತ್ತದೆ. 5 ಮಿಲಿಮೀಟರಿಗಿಂತ ಚಿಕ್ಕದಾದರೆ ಅದೇ ಮೈಕ್ರೋಪ್ಲಾಸ್ಟಿಕ್. ಕವರ್ ಇಡಿಯಾಗಿದ್ದಾಗ ಒಂದು ಕೈ ಸಾಕಿತ್ತು, ಪುಡಿಯಾದ ಮೇಲೆ ಜೆಕ್ ದೇಶದ ಲ್ಯಾಬೂ ಸಾಲದು. ಮಳೆಗಾಲಕ್ಕೆ ಮುಂಚೆ ಕೆರೆಗೆ ಸೇರುವ ಚರಂಡಿ ಬಾಯಿಗೆ ಬಲೆ ಕಟ್ಟಿಸಿ ಅಂತ ನಿಮ್ಮ ವಾಕಿಂಗ್ ಗೆಳೆಯರೆಲ್ಲ ಸೇರಿ ಪಾಲಿಕೆಗೆ ಒಂದು ಅರ್ಜಿ ಕೊಡಿ.

ಪ್ರಶ್ನೆ: ನಾವು ಚಿತ್ರದುರ್ಗದ ಹತ್ತಿರ ಹಳ್ಳಿಯವರು. ಬೋರ್‌ವೆಲ್ ನೀರು ಕುಡಿಯುತ್ತೇವೆ. ಇಂಥ ರೋಬೋ ಇರುವ ಫಿಲ್ಟರ್ ಬಂದಿದೆಯಾ? ನೀರು ಕುದಿಸಿದರೆ ಪ್ಲಾಸ್ಟಿಕ್ ಹೋಗುತ್ತದೆ ಎನ್ನುತ್ತಾರೆ, ನಿಜವಾ ಮೇಡಂ?

ಉತ್ತರ: ರೋಬೋ ಫಿಲ್ಟರ್ ಅಂತ ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ ಅಮ್ಮಾ. ಅದು ಇನ್ನೂ ಲ್ಯಾಬ್ ದಾಟಿಲ್ಲ.

ಕುದಿಸುವ ಮಾತಿನಲ್ಲಿ ಹುರುಳಿದೆ. 2024ರಲ್ಲಿ ಚೀನಾದ ಗುವಾಂಗ್‌ಝೌ ನಗರದ ಸಂಶೋಧಕರು ಗಡಸು ನೀರನ್ನು 5 ನಿಮಿಷ ಕುದಿಸಿ ಸೋಸಿ ನೋಡಿದರು. ಶೇ 90ರವರೆಗೂ ಕಣಗಳು ಹೋದವು. ಪಾತ್ರೆ ತಳದಲ್ಲಿ ಬಿಳಿ ಸುಣ್ಣ ಕಟ್ಟುತ್ತದಲ್ಲ, ಅದು ಕಟ್ಟುವಾಗ ಪ್ಲಾಸ್ಟಿಕ್ ಕಣಗಳನ್ನೂ ಒಳಗೆ ಸೇರಿಸಿಕೊಳ್ಳುತ್ತದೆ. ಮೆದು ನೀರಿನಲ್ಲಿ ಇದು ಶೇ 25ರಷ್ಟು ಮಾತ್ರ. ಹಾಗಾಗಿ ಕುದಿಸಿ, ಆರಿಸಿ, ಸುಣ್ಣ ಬರದ ಹಾಗೆ ಸೋಸಬೇಕು.

ಆದರೆ ನಿಮಗೆ ನಾನು ಇದನ್ನು ಹೇಳಲು ಹಿಂಜರಿಯುತ್ತೇನೆ. ನಿಮ್ಮ ಜಿಲ್ಲೆಯ ಎಷ್ಟೋ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕುದಿಸಿದರೆ ಅದು ಹೋಗಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಬೀಳುವುದು, ದೊಡ್ಡವರಿಗೆ ಮೂಳೆ ಬಿಗಿದು ಬಗ್ಗಲಾಗದೆ ಹೋಗುವುದು ಇದರಿಂದಲೇ. ಒಂದು ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ಕುಡಿಯಬಾರದು. ಮೊದಲು ನೀರು ಪರೀಕ್ಷೆ ಮಾಡಿಸಿ, ಪಂಚಾಯಿತಿಯಲ್ಲಿ ಕೇಳಿ. ಫ್ಲೋರೈಡ್ ಇದ್ದರೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ತನ್ನಿ. ಅಲ್ಲಿನ ಆರ್‌ಒ ಪೊರೆ ಸರಿಯಾಗಿದ್ದರೆ ಫ್ಲೋರೈಡ್ ಬಹುಪಾಲು ಹೋಗುತ್ತದೆ, ಪ್ಲಾಸ್ಟಿಕ್ ಕಣವೂ ದಾಟಲ್ಲ. ತಂದ ನೀರನ್ನು ಪ್ಲಾಸ್ಟಿಕ್ ಕ್ಯಾನಿನಲ್ಲೇ ಬಿಸಿಲಲ್ಲಿ ಇಡಬೇಡಿ. ಸ್ಟೀಲ್ ಕೊಡಕ್ಕೋ ಮಣ್ಣಿನ ಮಡಿಕೆಗೋ ಸುರಿದುಕೊಳ್ಳಿ.